ಮೇಷ್ಟ್ರಿಗೂ ಒಂದು ಲಾಂಗ್ ಬೆಲ್ ಬೇಕು

2025ರ ಜೂನ್, ಜುಲೈ ನೆನಪಿದೆಯಲ್ವಾ? ಟಿವಿ ಹಾಕಿದರೆ ಸಾಕು, ಹಾಸನದಲ್ಲಿ ಹೃದಯಾಘಾತ ಅಂತ ಸುದ್ದಿ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಉದ್ದ ಕ್ಯೂ. ಕೊನೆಗೆ ತಜ್ಞರ ಸಮಿತಿ ವರದಿ ಕೊಟ್ಟು, ಜಿಲ್ಲೆಯಲ್ಲಿ ಇಂಥ ಸಾವುಗಳು ಅಸಹಜವಾಗಿ ಏರಿಲ್ಲ ಎಂದಿತು. ಸದ್ದು ಅಡಗಿತು. ಆದರೆ ಆ ಗಾಬರಿಯಲ್ಲಿ ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಒಳ್ಳೆಯದೂ ಆಗಿತ್ತು. ಬಿಪಿ ಎಷ್ಟಿದೆ, ರಾತ್ರಿ ನಿದ್ದೆ ಬರುತ್ತಾ, ಮಾತ್ರೆ ಶುರುವಾಯ್ತಾ ಅಂತ ಸರ್‌ಗಳು, ಮೇಡಂಗಳು ಬಾಯಿಬಿಟ್ಟು ಮಾತಾಡಿದರು. ಸುದ್ದಿ ತಣ್ಣಗಾಗುತ್ತಿದ್ದಂತೆ ಆ ಮಾತೂ ನಿಂತುಹೋಯಿತು. ಅದನ್ನು ಇಲ್ಲಿ ಮುಂದುವರಿಸುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಬಸ್ಸಿನಲ್ಲಿ ಸೀಟ್ ಸಿಕ್ಕಾಗ ಓದಿ.

ನಾನು ಜಿಲ್ಲೆಯ ಮಲೆನಾಡು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಒತ್ತಡ ನಿರ್ವಹಣೆ ಅಂತ ಯಾರ ಉಪನ್ಯಾಸ ಕೇಳಿದರೂ ಹೇಳುವುದು ಒಂದೇ. ಬೆಳಿಗ್ಗೆ ಬೇಗ ಏಳಿ, ಪ್ರಾಣಾಯಾಮ ಮಾಡಿ, ಒಳ್ಳೆಯದನ್ನೇ ಯೋಚಿಸಿ. ಬೇಡ ಅನ್ನಲ್ಲ. ಉಸಿರು ಬಿಡುವುದನ್ನು ನಿಧಾನ ಮಾಡಿದರೆ ಎದೆಬಡಿತ ಇಳಿಯುತ್ತದೆ, ಅದು ನಿಜ. ಆದರೆ ಐದಕ್ಕೇ ಎದ್ದು ತಿಂಡಿ, ಡಬ್ಬಿ ಮುಗಿಸಿ ಆಲೂರು, ಸಕಲೇಶಪುರದ ಬಸ್ಸಿಗೆ ಓಡುವ ಹೆಂಗಸಿಗೆ ಇನ್ನೂ ಬೇಗ ಏಳಿ ಅಂದರೆ ಅವಳ ತಲೆ ಮೇಲೆ ಇನ್ನೊಂದು ಕೆಲಸ ಹೊರಿಸಿದ ಹಾಗಾಯಿತು ಅಷ್ಟೆ.

ಸಂಜೆ ಮಕ್ಕಳಿಗೆ ಲಾಂಗ್ ಬೆಲ್ ಹೊಡೆಯುತ್ತದೆ. ಬ್ಯಾಗು ಹೆಗಲಿಗೇರಿಸಿ ಹೊರಟುಬಿಡುತ್ತಾರೆ. ನಮಗೆ ಆ ಬೆಲ್ ಇಲ್ಲ. ಕೆಲಸ ಜಾಸ್ತಿ ಅನ್ನುವುದು ನನ್ನ ದೂರಲ್ಲ. ಎಲ್ಲಿ ಮುಗಿಯುತ್ತದೆ ಅಂತ ಯಾರೂ ಹೇಳಿಲ್ಲ, ಅದೇ ತೊಂದರೆ. ಪಾಠ, ಪಾಠ ಟಿಪ್ಪಣಿ, ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕ ಇವೆಲ್ಲ ನಮ್ಮವೇ, ಸರಿ. ಅದರ ಮೇಲೆ ಸ್ಯಾಟ್ಸ್ ಅನ್ನುವ ವಿದ್ಯಾರ್ಥಿ ಮಾಹಿತಿ ಪೋರ್ಟಲ್ಲಿನ ಎಂಟ್ರಿ, ಯುಡೈಸ್ ಅನ್ನುವ ಶಾಲಾ ಅಂಕಿಅಂಶ, ವಿದ್ಯಾರ್ಥಿವೇತನದ ಆಧಾರ್ ಜೋಡಣೆ, ಬಿಸಿಯೂಟದ ಲೆಕ್ಕ, ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣು ತಿನ್ನುವವರೆಷ್ಟು. 2025ರ ದಸರಾ ರಜೆ ಹೇಗೆ ಕಳೆಯಿತು ಅಂತ ನಿಮಗೇ ಗೊತ್ತು. ರಾಜ್ಯದ ಜಾತಿ ಸಮೀಕ್ಷೆಗೆ ಮನೆಮನೆ ಸುತ್ತಿ, ನೆಟ್‌ವರ್ಕ್ ಹುಡುಕಿಕೊಂಡು ದಿಬ್ಬ ಹತ್ತಿ, ಒಟಿಪಿ ಬರಲಿ ದೇವರೇ ಅಂತ ಕಾದಿದ್ದೇವೆ. ಶಿಕ್ಷಣ ಹಕ್ಕು ಕಾಯ್ದೆ 2009ರ 27ನೇ ಸೆಕ್ಷನ್ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೋಧನೆಗೆ ಸಂಬಂಧಿಸದ ಕೆಲಸಕ್ಕೆ ನಮ್ಮನ್ನು ಹಾಕುವಂತಿಲ್ಲ. ಓದಿಕೊಂಡಿರಿ. ಓದಿದ ತಕ್ಷಣ ಕೆಲಸ ಕಡಿಮೆಯಾಗಲ್ಲ, ಆದರೆ ತಪ್ಪು ನಮ್ಮ ಸೋಮಾರಿತನದ್ದಲ್ಲ ಅಂತ ಗೊತ್ತಾದರೆ ಅರ್ಧ ಸಂಕಟ ಇಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಬಗ್ಗೆ ಹೇಳಿದ್ದೂ ಹೆಚ್ಚುಕಡಿಮೆ ಇದೇ. ಅದನ್ನು ಕಾಯಿಲೆಗಳ ಸಾಲಿಗೆ ಸೇರಿಸಲಿಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಬಿಟ್ಟರೆ ಹೀಗಾಗುತ್ತದೆ ಎಂದಿತು. ಲಕ್ಷಣ ಮೂರು. ಮಲಗಿ ಎದ್ದರೂ ಹೋಗದ ಸುಸ್ತು, ಕೆಲಸದ ಬಗ್ಗೆ ಜಿಗುಪ್ಸೆ, ನನ್ನ ಕೈಲಿ ಏನೂ ಆಗ್ತಿಲ್ಲ ಅನ್ನುವ ಭಾವನೆ. ಮೂರನೆಯದು ನಮ್ಮಲ್ಲಿ ಬಹಳ ಜನರಿಗೆ ಇದೆ. ಹೇಳಿಕೊಳ್ಳುವುದು ಮಾತ್ರ ಮೊದಲನೆಯದನ್ನು.

ಹಾಗಾದರೆ ಲಾಂಗ್ ಬೆಲ್ ಹೊಡೆಯುವುದು ಹೇಗೆ? ಮೊದಲು ಮೊಬೈಲ್. ರಾತ್ರಿ ಒಂಬತ್ತೂಮುಕ್ಕಾಲಿಗೆ ಇಲಾಖೆಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬರುತ್ತದೆ, 'ನಾಳೆ ಬೆಳಿಗ್ಗೆ 10ರೊಳಗೆ ತಪ್ಪದೆ ಸಲ್ಲಿಸಿ. ಅತಿ ಜರೂರು.' ಅದರ ಕೆಳಗೆ ಸಾಲಾಗಿ ಕೈ ಮುಗಿದ ಚಿತ್ರಗಳು. ಅಲ್ಲಿಗೆ ನಿದ್ದೆ ಕೆಟ್ಟಿತು. ಮಾಹಿತಿ ಕೊಡುವುದು ಐದು ನಿಮಿಷದ ಕೆಲಸ, ಅದರ ಯೋಚನೆ ಇಡೀ ರಾತ್ರಿಯದು. ನಮ್ಮ ಶಾಲೆಯಲ್ಲಿ ಎಚ್‌ಎಂ (ಮುಖ್ಯ ಶಿಕ್ಷಕರು) ಜೊತೆ ಕೂತು ಇದಕ್ಕೊಂದು ಪಾಳಿ ಮಾಡಿಕೊಂಡೆವು. ವಾರಕ್ಕೆ ಒಬ್ಬರು ಗ್ರೂಪ್ ನೋಡುತ್ತಾರೆ, ಉಳಿದವರು ಸಂಜೆ ಏಳರ ಮೇಲೆ ಮ್ಯೂಟ್. ನಿಜವಾಗಲೂ ಜರೂರಿದ್ದರೆ ಪಾಳಿಯವರು ಫೋನ್ ಮಾಡುತ್ತಾರೆ. ಫೋನ್ ಬರುವುದು ಅಪರೂಪ. ಇದನ್ನು ಒಬ್ಬರೇ ಮಾಡಲು ಹೋದರೆ 'ಅವರಿಗೆ ಕಾಳಜಿ ಇಲ್ಲ' ಅಂತ ಹೆಸರು ಬರುತ್ತದೆ. ಎಲ್ಲರೂ ಸೇರಿ ಮಾಡಿದರೆ ಅದು ಶಾಲೆಯ ಪದ್ಧತಿ. ಏಕೋಪಾಧ್ಯಾಯ ಶಾಲೆಯವರಿಗೆ ಈ ಅನುಕೂಲ ಇಲ್ಲ, ಗೊತ್ತು. ಅವರು ಕ್ಲಸ್ಟರಿನ (ಹತ್ತಿರದ ಶಾಲೆಗಳ ಗುಂಪಿನ) ಪಕ್ಕದ ಶಾಲೆಯವರ ಜೊತೆ ಜೋಡಿ ಮಾಡಿಕೊಳ್ಳಬಹುದು.

ನೋಟ್‌ಬುಕ್ ತಿದ್ದುವುದು ಇನ್ನೊಂದು. ನಾನು ಬಂಡಲ್ ಕಟ್ಟಿ ಮನೆಗೆ ತರಲ್ಲ. ಫ್ರೀ ಪೀರಿಯಡ್ಡಿನಲ್ಲಿ ಆದಷ್ಟು. ಲೆಕ್ಕದ ಉತ್ತರವನ್ನು ಮಕ್ಕಳೇ ಪರಸ್ಪರ ಪುಸ್ತಕ ಬದಲಾಯಿಸಿಕೊಂಡು ನೋಡುತ್ತಾರೆ, ಹಂತ ಎಲ್ಲಿ ತಪ್ಪಿದೆ ಅಂತ ಮಾತ್ರ ನಾನು ನೋಡುತ್ತೇನೆ. ಅವರು ಇನ್ನೊಬ್ಬರ ತಪ್ಪು ಹುಡುಕುವ ಉತ್ಸಾಹದಲ್ಲಿ ಬೀಜಗಣಿತವನ್ನೂ ಕಲಿಯುತ್ತಾರೆ!

ಈಗ ದೊಡ್ಡ ವಿಷಯ, ರಿಸಲ್ಟ್. 2019ರಲ್ಲಿ ಹಾಸನ ಎಸ್‌ಎಸ್‌ಎಲ್‌ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂತು, ಶೇ. 89.33. ಹೆಮ್ಮೆಯೇ. ಆದರೆ ಅಲ್ಲಿಂದಾಚೆ ಆ ಅಂಕಿ ಪ್ರತಿ ವರ್ಷ ನಮ್ಮ ಮುಂದೆ ಬಂದು ನಿಲ್ಲುತ್ತದೆ. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದಲ್ಲಿ ನೇರ ಕಣ್ಗಾವಲು ಬಂತು. ಪರೀಕ್ಷೆ-1ರ (ವರ್ಷದ ಮೊದಲ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ) ಫಲಿತಾಂಶ ಇಡೀ ರಾಜ್ಯದಲ್ಲೇ ಶೇ. 73.40ಕ್ಕೆ, 2025ರಲ್ಲಿ ಶೇ. 62.34ಕ್ಕೆ ಇಳಿಯಿತು. ಇಡೀ ರಾಜ್ಯ ಇಳಿದದ್ದಕ್ಕೆ ಒಬ್ಬ ಗಣಿತದ ಮೇಡಂ ಉತ್ತರ ಕೊಡಬೇಕಾ? ಕಾಫಿ ಕೊಯ್ಲಿಗೆ ಬಂದ ಕುಟುಂಬದ ಹುಡುಗ ಜನವರಿಯಲ್ಲಿ ಸೇರಿಕೊಂಡು, ಕೊಯ್ಲು ಮುಗಿದ ಮೇಲೆ ಹೇಳದೆ ಹೋದರೆ ಅದು ಯಾರ ಖಾತೆಗೆ? ಆನೆ ಬಂದಿದೆ ಅಂತ ವಾರಗಟ್ಟಲೆ ಮಕ್ಕಳನ್ನು ಕಳಿಸದ ಊರುಗಳಿವೆ. ಮಳೆ ರಜೆಯಂತೂ ಸರಿಯೇ ಸರಿ, ಆ ಪಾಠವನ್ನು ಶನಿವಾರ, ಭಾನುವಾರ ತುಂಬಿಸಿಕೊಡುವವರು ನಾವೇ.

ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ ಅಂತ ಹೇಳಲ್ಲ. ಒಂದು ಇನ್ನೂರು ಪುಟದ ನೋಟ್‌ಬುಕ್ ಇಡಿ. ಯಾವ ಮಗು ಎಷ್ಟು ದಿನ ಬಂದಿಲ್ಲ, ಯಾವತ್ತು ಮನೆಗೆ ಹೋದಿರಿ, ಪೋಷಕರು ಏನಂದರು, ವಿಶೇಷ ತರಗತಿಯಲ್ಲಿ ಏನು ಮಾಡಿದಿರಿ. ದಿನಾಂಕ ಹಾಕಿ ಎರಡೆರಡು ಸಾಲು. ರಿಸಲ್ಟ್ ಯಾಕೆ ಕಡಿಮೆ ಅಂತ ನೋಟಿಸ್ ಬಂದರೆ ಅದನ್ನು ನೋಡಿ ಉತ್ತರ ಬರೆಯಬಹುದು. ನೋಟಿಸ್ ಬರದಿದ್ದರೂ ಲಾಭ ಇದೆ. ಫೆಬ್ರವರಿ ಹೊತ್ತಿಗೆ ನನ್ನ ಕೈಲಿ ಏನೂ ಆಗ್ತಿಲ್ಲ ಅನಿಸಿದಾಗ ಅದನ್ನು ತಿರುಗಿಸಿ ನೋಡಿದರೆ, ಎಷ್ಟೊಂದು ಆಗಿದೆ ಅಂತ ನಿಮ್ಮದೇ ಅಕ್ಷರದಲ್ಲಿ ಇರುತ್ತದೆ. ಯಾವ ಧ್ಯಾನವೂ ನನಗೆ ಇದರಷ್ಟು ನೆಮ್ಮದಿ ಕೊಟ್ಟಿಲ್ಲ.

ದೇಹದ ವಿಷಯ ಬೇಗ ಮುಗಿಸುತ್ತೇನೆ, ಎಲ್ಲರಿಗೂ ಗೊತ್ತಿರುವುದೇ. ವಾರಕ್ಕೆ 150 ನಿಮಿಷ ಚುರುಕು ನಡಿಗೆ ಸಾಕು. ಮಹಾರಾಜ ಪಾರ್ಕಿನಲ್ಲೇ ಆಗಬೇಕು ಅಂತಿಲ್ಲ, ಒಂದು ಸ್ಟಾಪ್ ಮೊದಲೇ ಇಳಿದರೂ ಆಯಿತು. ಸಂಜೆ ಐದರ ಮೇಲೆ ಕಾಫಿ ಬೇಡ. ಕಾಫಿ ಬೆಳೆಯುವ ಜಿಲ್ಲೆಯಲ್ಲಿದ್ದು ಇದನ್ನು ಹೇಳುವುದು ಕಷ್ಟ, ಆದರೂ ನಿದ್ದೆ ಕೆಡಿಸುವುದು ಅದೇ.

ಗಂಟಲು ಮತ್ತು ನೀರಿನ ಬಗ್ಗೆ ಮಾತ್ರ ಯಾರೂ ಹೇಳಲ್ಲ. ಜುಲೈನಲ್ಲಿ ಶೀಟಿನ ಮೇಲೆ ಮಳೆ ಹೊಡೆಯುವಾಗ ಅದನ್ನು ಮೀರಿ ಕಿರುಚಿ ಪಾಠ ಮಾಡುವವರನ್ನು ನೋಡಿದ್ದೇನೆ. ಬೇಡ. ಆ ಹೊತ್ತಿಗೆ ಬೋರ್ಡಿನಲ್ಲಿ ಲೆಕ್ಕ ಬರೆದು ಮಾಡಲು ಬಿಡಿ. ದನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ಡಾಕ್ಟರಿಗೆ ತೋರಿಸಿ. ಇನ್ನು ನಮ್ಮ ಮೇಡಂಗಳು ಬೆಳಿಗ್ಗೆಯಿಂದ ಸಂಜೆವರೆಗೆ ನೀರು ಕುಡಿಯಲ್ಲ. ಕಾರಣ ಎಲ್ಲರಿಗೂ ಗೊತ್ತು, ಶೌಚಾಲಯ ಸರಿ ಇಲ್ಲ. ಇದರಿಂದ ಉರಿಮೂತ್ರ, ತಲೆನೋವು, ಸಿಡಿಮಿಡಿ. ಆಮೇಲೆ 'ಮೇಡಂಗೆ ಯಾಕೋ ಇವತ್ತು ಸಿಟ್ಟು' ಅಂತ ಮಾತು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಮಕ್ಕಳ ಶೌಚಾಲಯದ ಜೊತೆ ನಮ್ಮದನ್ನೂ ಕೇಳಿ ಬರೆಸಿ. ಇದೂ ಒತ್ತಡ ನಿರ್ವಹಣೆಯೇ. ನಾಚಿಕೆಪಡುವಂಥದ್ದು ಏನೂ ಇಲ್ಲ.

ಕೊನೆಯದಾಗಿ, ಇಷ್ಟೆಲ್ಲ ಮಾಡಿದರೂ ಇಳಿಯದ್ದು ಇರುತ್ತದೆ. ಎರಡು ವಾರದಿಂದ ಸರಿಯಾಗಿ ನಿದ್ದೆ ಇಲ್ಲ, ಊಟ ಸೇರಲ್ಲ, ಸುಮ್ನೆ ಅಳು ಬರುತ್ತದೆ, ಬದುಕೇ ಬೇಡ ಅನಿಸುತ್ತದೆ ಅಂದರೆ ಸ್ಟಾಫ್ ರೂಮಿನ ಸಮಾಧಾನ ಸಾಲದು. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹಾಸನದ ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರು ಸಿಗುತ್ತಾರೆ. ಅಲ್ಲಿ ಕ್ಯೂನಲ್ಲಿ ನಿಮ್ಮ ಹಳೆಯ ವಿದ್ಯಾರ್ಥಿಯೇ ಸಿಕ್ಕಿ 'ನಮಸ್ಕಾರ ಮಿಸ್' ಅಂದಾನು, ಅನ್ನಲಿ ಬಿಡಿ.

ಸಹೋದ್ಯೋಗಿಗಳಿಗೊಂದು ಮಾತು. ರಜೆ ಅರ್ಜಿಯಲ್ಲಿ ಅನಾರೋಗ್ಯ ಅಂತ ಇದ್ದರೆ ಅಷ್ಟು ಸಾಕು. ಏನಂತೆ, ಯಾಕಂತೆ, ಮನೇಲಿ ಜಗಳವಂತಾ ಅಂತ ಟೀ ಹೊತ್ತಿನಲ್ಲಿ ವಿಚಾರಣೆ ನಡೆಸಬೇಡಿ. ಅವರ ಎರಡು ಪೀರಿಯಡ್ ಹಂಚಿಕೊಳ್ಳಿ. ಮತ್ತು ನಿಮ್ಮ ಶಾಲೆಯಲ್ಲಿ ಮೊಬೈಲ್ ಪಾಳಿಯಂಥದ್ದು ಏನಾದರೂ ನಡೆದಿದ್ದರೆ ಕೆಳಗೆ ಬರೆಯಿರಿ. ಬರುವ ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ಇಡುವವರಿಗೆ ಬೇಕಾಗುತ್ತದೆ.