ಜೀಪಿನ ಬುಡಕ್ಕೆ ಎಂಟು ದೀಪ

ಬಚ್ಚಲಲ್ಲಿ ಬಕೀಟಿನ ತುಂಬ ನೀರು. ನೀರೊಳಗೆ ಒಂದು ದೀಪ ಉರಿಯುತ್ತಿದೆ. ಪಕ್ಕದಲ್ಲಿ ಬೈಕಿನ ಹಳೇ ಬ್ಯಾಟರಿ. ಅದರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಗಡಿಯಾರ ನೋಡುತ್ತಿರುವ ನಾನು. ಅವ್ವ ಬಂದವಳು ಬಾಗಿಲಲ್ಲೇ ನಿಂತಳು.

"ಏನೋ ಇದು? ಗಂಗವ್ವಗ ದೀಪಾ ಬಿಡಾಕತ್ತೀಯೇನು?"

"ಅಲ್ಲವ್ವಾ, ಜೀಪಿನ ಬುಡಕ ಹಚ್ಚೋ ಲೈಟು. ಒಳಗ ನೀರ ಹೋಗ್ತೈತೋ ಇಲ್ಲೋ ನೋಡಾಕತ್ತೀನಿ."

"ಬುಡಕ ಯಾಕ? ಮುಂದ ಎರಡ ಅದಾವಲ್ಲ!"

ಅವ್ವನ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಬಕೀಟಿನ ವಿಷಯ ಮುಗಿಸಿಬಿಡುತ್ತೇನೆ. ದೀಪದ ಡಬ್ಬಿಯ ಮೇಲೆ ಐಪಿ67 ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಅದರಲ್ಲಿ 6 ಅಂದರೆ ಒಳಗೆ ಧೂಳು ಹೋಗುವುದಿಲ್ಲ. 7 ಅಂದರೆ ಒಂದು ಮೀಟರ್ ಆಳದ ನೀರಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಏನೂ ಆಗುವುದಿಲ್ಲ. ಎಂಟು ದೀಪದ ಸೆಟ್ಟಿಗೆ ನಾನು ಕೊಟ್ಟಿದ್ದು 1,800 ರೂಪಾಯಿ. ಅಷ್ಟು ಕೊಟ್ಟವನು ಡಬ್ಬಿಯ ಮಾತು ನಂಬಿ ಕೂರಬಾರದು. ನಮ್ಮ ಬಕೀಟು ಒಂದು ಮೀಟರ್ ಆಳ ಇಲ್ಲ, ಒಂದು ಮೊಳವೂ ಇಲ್ಲ. ಇರಲಿ, ಇದ್ದಷ್ಟರಲ್ಲೇ ಪರೀಕ್ಷೆ ಆಯ್ತು. ಆರು ಪಾಸು. ಒಂದರ ಗಾಜಿನ ಒಳಗಡೆ ಬೆವರು ಕೂತಿತ್ತು. ಇನ್ನೊಂದು ನೀರಿಗೆ ಬಿಟ್ಟ ಕೂಡಲೇ ಗುಳುಗುಳು ಅಂತ ಗುಳ್ಳೆ ಬಿಟ್ಟಿತು. ತಂತಿ ಒಳಗೆ ಹೋಗುವ ತೂತನ್ನು ಸರಿಯಾಗಿ ಮುಚ್ಚಿರಲಿಲ್ಲ, ಅಷ್ಟೇ. ಆ ಎರಡನ್ನೂ ಬಿಸಿಲಲ್ಲಿ ಒಣಗಿಸಿ, ತೂತಿಗೆ ಸಿಲಿಕಾನ್ ಅಂಟು ಹಿಂಡಿದೆ. ಅಂಟು ಗಟ್ಟಿಯಾಗಲಿ ಅಂತ ಮಾಳಿಗೆ ಮೇಲೆ ಇಟ್ಟೆ. ಅಲ್ಲಿ ಅವ್ವನ ಸಂಡಿಗೆ ಒಣಗುತ್ತಿತ್ತು. ಎರಡೂ ಒಂದೇ ದಿನಕ್ಕೆ ಒಣಗಿದವು.

ಇನ್ನು ಬುಡಕ್ಕೆ ಯಾಕೆ ಅನ್ನೋದು. ನಾವು ಇರೋದು ಬಾಗಲಕೋಟೆಯ ನವನಗರದಲ್ಲಿ, ಹೊಲ ಇರೋದು ಬಾದಾಮಿ ತಾಲೂಕಿನಲ್ಲಿ, ಮಲಪ್ರಭೆಯ ಕಡೆಗೆ. ಕಬ್ಬು ಇದೆ. ಕಬ್ಬಿಗೆ ನೀರು ಬೇಕು, ನೀರಿಗೆ ಮೋಟರು ಬೇಕು, ಮೋಟರಿಗೆ ತ್ರೀ ಫೇಸ್ ಕರೆಂಟು ಬೇಕು. ಅದು ಪಾಳಿಯ ಮೇಲೆ ಬರುತ್ತದೆ, ನಮ್ಮ ಪಾಳಿ ಹೆಚ್ಚಾಗಿ ರಾತ್ರಿಯದೇ. ಹಾಗಾಗಿ ಅಪ್ಪ 1998ರಲ್ಲಿ ತಗೊಂಡ ಹಳೇ ಜೀಪು ಈಗಲೂ ರಾತ್ರಿ ಪಾಳಿಯಲ್ಲೇ ದುಡಿಯುತ್ತಿದೆ.

ಡಾಂಬರು ರಸ್ತೆ ಬಿಟ್ಟ ಮೇಲೆ ಹೊಲಕ್ಕೆ ಹೋಗುವ ಹಾದಿಯಲ್ಲಿ ಒಂದು ಹಳ್ಳ ಬರುತ್ತದೆ. ವರ್ಷದ ಎಂಟು ತಿಂಗಳು ಒಣ ಹಳ್ಳ, ಬರೀ ಕಲ್ಲು. ಜೀಪಿನ ಮೂತಿ ಹಳ್ಳಕ್ಕೆ ಇಳಿದಾಗ ಹೆಡ್‌ಲೈಟಿನಲ್ಲಿ ಆಚೆ ದಂಡೆಯ ಜಾಲಿಗಿಡ ಕಾಣಿಸುತ್ತದೆ. ಮೂತಿ ಮೇಲೆ ಎದ್ದಾಗ ಬೆಳಕು ನೆಟ್ಟಗೆ ಆಕಾಶಕ್ಕೆ. ಗಾಲಿ ಯಾವ ಕಲ್ಲಿನ ಮೇಲಿದೆ ಅನ್ನೋದು ಮಾತ್ರ ಎರಡೂ ಹೊತ್ತು ಕಾಣುವುದಿಲ್ಲ. ಅದಕ್ಕೇ ನಮ್ಮ ಕಾಕಾ ಕೆಳಗಿಳಿದು, ಮೊಬೈಲಿನ ಟಾರ್ಚು ಹಿಡಿದು, ಹಿಂದಹಿಂದಕ್ಕೆ ನಡೆಯುತ್ತಾ ಹಾದಿ ತೋರಿಸುತ್ತಿದ್ದ. "ಬರ್ಲಿ, ಬರ್ಲಿ... ಎಡಕ್ಕ ಹಿಡಿ... ಏ, ಎಡಕ್ಕಂದ್ನೆಲ್ಲೋ!" ಒಂದು ರಾತ್ರಿ ಅವನು ಎಡಕ್ಕೆ ಅಂದಿದ್ದು ತನ್ನ ಎಡಕ್ಕೆ. ನಾನು ಹಿಡಿದಿದ್ದು ನನ್ನ ಎಡಕ್ಕೆ. ಹಿಂದಿನ ಅಚ್ಚಿನ ನಡುವೆ ಇರುವ ಗುಂಡನೆಯ ಡಬ್ಬಿಗೆ ಕಲ್ಲು ಬಡಿದು ಆಯಿಲ್ ಸೋರಿತು. ಆಮೇಲೆ ನಾವಿಬ್ಬರೂ ಎರಡು ದಿನ ಮಾತಾಡಲಿಲ್ಲ.

ಈ ಬುಡದ ದೀಪಕ್ಕೆ ರಾಕ್ ಲೈಟ್ ಅಂತ ಹೆಸರು. ಅಮೆರಿಕದ ಯೂಟಾ ರಾಜ್ಯದ ಮೋಯಾಬ್‌ನಂಥ ಕಡೆ ಜನ ಜೀಪು ತಗೊಂಡು ಬಂಡೆಗಲ್ಲಿನ ಮೇಲೆ ಹತ್ತಿಸಿ ಇಳಿಸುತ್ತಾರೆ, ಸುಮ್ನೆ ಖುಷಿಗೆ. ಅಲ್ಲೂ ಒಬ್ಬ ಕೆಳಗಿಳಿದು ಎಡಕ್ಕೆ ಬಲಕ್ಕೆ ಅಂತ ಕೈ ಮಾಡುತ್ತಾನೆ. ಅವನಿಗೂ ಡ್ರೈವರಿಗೂ ಗಾಲಿ ಕಾಣಲಿ ಅಂತ ಚಾಸಿಯ ಕೆಳಗೆ, ಗಾಲಿಯ ಮೇಲಿನ ಕಮಾನಿನ ಒಳಗೆ ಸಣ್ಣ ಸಣ್ಣ ಎಲ್‌ಇಡಿ ದೀಪ ಕೂರಿಸುತ್ತಾರೆ. ಅಲ್ಲಿಯ ಕಲ್ಲಿನ ಫೋಟೋ ನೋಡಿದೆ. ಕೆಂಪು ಮರಳುಗಲ್ಲು, ನಮ್ಮ ಬಾದಾಮಿಯದರ ಹಾಗೇ. ಕಾಕಾನಿಗೂ ತೋರಿಸಿದೆ. "ಅಲ್ಲಿ ಕಬ್ಬು ಏನ್ ಬೆಳಿತಾರು?" ಅಂತ ಕೇಳಿದ. ಏನೂ ಬೆಳೆಯಲ್ಲ, ಸುಮ್ನೆ ಹತ್ತಿ ಇಳಿತಾರೆ ಅಂದೆ. ಅವನು ಮೊಬೈಲು ವಾಪಸ್ ಕೊಟ್ಟುಬಿಟ್ಟ.

ದೀಪ ಕೊಳ್ಳುವಾಗ ದೊಡ್ಡ ತಕರಾರು ಆಗಿದ್ದು ಬಣ್ಣದ್ದು. ನವನಗರದ ವೈರಿಂಗ್ ಮಿಸ್ತ್ರಿಗೆ ನೀಲಿಯೇ ಬೇಕು. "ನೀಲಿ ಹಾಕ್ರಿ ಸರ, ಜೀಪ್ ಗಾಳ್ಯಾಗ ತೇಲಿದಂಗ ಕಾಣತೈತಿ." ಅದಕ್ಕಿಂತ ಚೆಂದದ್ದು ಬೇಕೆಂದರೆ ಮೊಬೈಲಿನಲ್ಲೇ ಬಣ್ಣ ಬದಲಿಸುವ ಸೆಟ್ಟೂ ಇದೆಯಂತೆ. ಹಾಡಿನ ತಾಳಕ್ಕೆ ತಕ್ಕಂತೆ ಮಿಣುಕುತ್ತದಂತೆ. ನೀಲಿ ಎಲ್‌ಇಡಿಯ ಬಗ್ಗೆ ನನಗೆ ಗೌರವವೇ ಇದೆ. ಕೆಂಪು ಎಲ್‌ಇಡಿ 1960ರ ದಶಕದಲ್ಲೇ ಬಂತು, ನೀಲಿ ಮಾತ್ರ ಮೂವತ್ತು ವರ್ಷ ಸತಾಯಿಸಿತು. ಕೊನೆಗೂ ಅದನ್ನು ಉರಿಸಿ ತೋರಿಸಿದ ಅಕಾಸಾಕಿ, ಅಮಾನೊ, ನಕಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಕೊಟ್ಟರು. ಈಗ ಮನೆಯಲ್ಲಿ ಉರಿಯುವ ಬಿಳಿ ಬಲ್ಬಿನ ಹೊಟ್ಟೆಯಲ್ಲೂ ಹೆಚ್ಚಾಗಿ ಇರುವುದು ಆ ನೀಲಿಯೇ. ಮೇಲೆ ಹಳದಿ ಪುಡಿ ಬಳಿದಿರುತ್ತಾರೆ, ಎರಡೂ ಸೇರಿ ಬಿಳಿ ಆಗುತ್ತದೆ. ಅಷ್ಟು ಕಷ್ಟಪಟ್ಟು ಬಂದ ನೀಲಿಯನ್ನು ಜೀಪಿನ ಬುಡಕ್ಕೆ ಹಚ್ಚಿ ಗಾಳಿಯಲ್ಲಿ ತೇಲಿಸುವುದಕ್ಕೆ ನನಗೆ ಮನಸ್ಸಾಗಲಿಲ್ಲ. ನೀಲಿ ಬೆಳಕಿಗೆ ಹುಳ ಬೇರೆ ಜಾಸ್ತಿ ಬರುತ್ತವೆ. ಮೊದಲ ಮಳೆ ಬಿದ್ದ ರಾತ್ರಿ ಕಬ್ಬಿನ ಹೊಲದಲ್ಲಿ ನಿಂತವರಿಗೆ ಹುಳ ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಬಾಯಿ ತೆಗೆದರೆ ಒಳಗೇ ಹೋಗುತ್ತವೆ. ಹಳದಿ ಬೆರೆತ ಬಿಳಿ ತಗೊಂಡೆ. ಮಿಸ್ತ್ರಿ ಮುಖ ಸಣ್ಣದು ಮಾಡಿದ.

ನಮ್ಮ ಕಡೆ ಬಣ್ಣದ ದೀಪ ನೋಡಬೇಕೆಂದರೆ ಕಬ್ಬಿನ ಸೀಸನ್ನಿನಲ್ಲಿ ರಾತ್ರಿ ಹೊತ್ತು ಮುಧೋಳದ ಕಡೆಯ ರಸ್ತೆಯಲ್ಲಿ ನಿಂತರೆ ಸಾಕು. ಒಂದೊಂದು ಟ್ರ್ಯಾಕ್ಟರೂ ತೇರಿನ ಹಾಗೆ ಬರುತ್ತದೆ. ಮುಂದೆ ಕೆಂಪು, ಹಸಿರು, ನೇರಳೆ ಮಿಣುಕು. ಹಾಡು ಅರ್ಧ ಕಿಲೋಮೀಟರ್ ದೂರಕ್ಕೇ ಕೇಳುತ್ತದೆ. ಹಿಂದೆ ಎರಡು ಟ್ರೇಲರಿನಲ್ಲಿ ಗುಡ್ಡದಷ್ಟು ಕಬ್ಬು. ಅದೆಲ್ಲ ಚೆಂದವೇ, ನನಗೂ ಇಷ್ಟವೇ. ಆದರೆ ಎಷ್ಟೋ ಟ್ರೇಲರಿಗೆ ಹಿಂದುಗಡೆ ಒಂದು ಕೆಂಪು ದೀಪವೂ ಇರುವುದಿಲ್ಲ. ಮುಂದೆ ಜಾತ್ರೆ, ಹಿಂದೆ ಅಮಾವಾಸ್ಯೆ. ಹಿಂದಿನಿಂದ ಬರುವ ಬೈಕಿನವನಿಗೆ ಕಬ್ಬು ಕಾಣುವುದು ಕಬ್ಬು ಎದೆಗೆ ತಾಗುವ ಹೊತ್ತಿಗೇ. ಆ ಮಿಣುಕಿನ ಖರ್ಚಿನಲ್ಲಿ ಹತ್ತನೇ ಒಂದು ಪಾಲನ್ನು ಹಿಂದುಗಡೆಯ ರಿಫ್ಲೆಕ್ಟರಿಗೆ ಹಾಕಿದ್ದರೆ ಅಂತ ಪ್ರತಿಸಲ ಅನಿಸುತ್ತದೆ. ಹೇಳಲು ಹೋದರೆ ಹಾಡಿನಲ್ಲಿ ನಮ್ಮ ಮಾತು ಕೇಳಿಸಬೇಕಲ್ಲ.

ಕೂರಿಸುವ ಕೆಲಸ ಒಂದು ಭಾನುವಾರ ಹಿಡಿಯಿತು. ದೀಪಕ್ಕೆ ಕೊಟ್ಟಷ್ಟೇ ದುಡ್ಡು ತಂತಿ, ಕೊಳವೆ, ಕ್ಲಿಪ್ಪು, ಸ್ವಿಚ್ಚಿಗೂ ಹೋಯಿತು. ಅಗ್ಗದ ದೀಪ ಅಂತ ಹೊರಟವರಿಗೆ ಈ ಲೆಕ್ಕ ಯಾರೂ ಮೊದಲೇ ಹೇಳಿರುವುದಿಲ್ಲ. ಡಬ್ಬಿಯ ಮೇಲೆ ಒಂದೊಂದು ದೀಪ 9 ವ್ಯಾಟ್ ಅಂತ ಇತ್ತು. ಎಂಟಕ್ಕೆ 72 ವ್ಯಾಟ್, ಅಂದರೆ 12 ವೋಲ್ಟಿಗೆ 6 ಆಂಪಿಯರ್ ಎಳೆಯಬೇಕು. ಮಿಸ್ತ್ರಿ ಮೀಟರ್ ಹಿಡಿದು ನೋಡಿದರೆ ಎರಡೂವರೆ ಆಂಪಿಯರ್! "ಡಬ್ಬಿ ಮ್ಯಾಲಿಂದು ಡಬ್ಬಿಗಿ ಬರೋಬ್ಬರಿ ಐತ್ರಿ ಸರ" ಅಂದ. ಮೂವತ್ತು ವ್ಯಾಟ್ ಆಯ್ತು. ಹೆಡ್‌ಲೈಟಿನ ಒಂದು ಹ್ಯಾಲೊಜೆನ್ ಬಲ್ಬು ಡಿಮ್‌ನಲ್ಲೇ 55 ವ್ಯಾಟ್ ತಿನ್ನುತ್ತದೆ. ಇಲ್ಲಿ ಎಂಟು ಸೇರಿಯೂ ಅಷ್ಟಿಲ್ಲ. ಮೋಸ ಹೋದೆ ಅಂತ ಬೇಜಾರಾಯಿತು. ಆಮೇಲೆ ಯೋಚನೆ ಮಾಡಿದೆ. ದೀಪಕ್ಕೂ ನೆಲಕ್ಕೂ ನಡುವೆ ಇರೋದು ಎರಡು ಮೂರು ಅಡಿ. ಅಷ್ಟು ದೂರಕ್ಕೆ ಇದೇ ಹೆಚ್ಚು.

ಮಿಸ್ತ್ರಿ ಬ್ಯಾಟರಿಯಿಂದ ಸೀದಾ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಸೀದಾ ದೀಪಕ್ಕೆ ಎಳೆಯೋಣ ಅಂದ. ನಾನು ರಿಲೇ ಬೇಕು ಅಂತ ಹಟ ಹಿಡಿದೆ. ರಿಲೇ ಅಂದರೆ ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೀಪದ ದೊಡ್ಡ ಕರೆಂಟನ್ನು ಹಚ್ಚಿ ಆರಿಸುವ ಪುಟ್ಟ ಡಬ್ಬಿ. ಎರಡೂವರೆ ಆಂಪಿಯರಿಗೆ ರಿಲೇ ಬೇಕೇ ಬೇಕು ಅಂತೇನಿಲ್ಲ, ಒಪ್ಪುತ್ತೇನೆ. ನನಗೆ ಅದರ ಸದ್ದು ಇಷ್ಟ. ಸ್ವಿಚ್ ಒತ್ತಿದರೆ ಬಾನೆಟ್ಟಿನ ಒಳಗೆಲ್ಲೋ ಟಕ್ ಅನ್ನುತ್ತದೆ. ಹೇಳಿದ ಮಾತು ಯಾರೋ ಕೇಳಿಸಿಕೊಂಡು ಹೂಂ ಅಂದ ಹಾಗೆ. ಅದರ ಕಾಲುಗಳಿಗೆ ನಂಬರ್ ಇರುತ್ತವೆ. 30ಕ್ಕೆ ಬ್ಯಾಟರಿಯಿಂದ ಬರುವ ತಂತಿ, 87ರಿಂದ ದೀಪಕ್ಕೆ, 86ಕ್ಕೆ ಸ್ವಿಚ್ಚು, 85 ಬಾಡಿಗೆ ಅರ್ಥ್. ಅರ್ಥ್ ಕೊಡುವ ಜಾಗದಲ್ಲಿ ಪಾಲಿಶ್ ಪೇಪರಿನಿಂದ ಬಣ್ಣ ಉಜ್ಜಿ ಹೊಳೆಯುವ ಕಬ್ಬಿಣ ಕಾಣಿಸಬೇಕು. ಬಣ್ಣದ ಮೇಲೇ ಬೋಲ್ಟು ಬಿಗಿದರೆ ದೀಪ ಒಮ್ಮೆ ಹತ್ತುತ್ತದೆ, ಒಮ್ಮೆ ಹತ್ತುವುದಿಲ್ಲ, ನೀವು ದೀಪವನ್ನೇ ಬೈಯುತ್ತೀರಿ.

ಬ್ಯಾಟರಿಯಿಂದ ಒಂದು ಗೇಣಿನೊಳಗೇ 5 ಆಂಪಿಯರಿನ ಫ್ಯೂಜು ಹಾಕಿಸಿದೆ. ಹಾಕಿಸಿದ್ದು ಒಳ್ಳೇದಾಯಿತು. ಯಾಕೆಂದರೆ ಮಿಸ್ತ್ರಿ ಚಾ ಕುಡಿಯಲು ಹೋದಾಗ ಹಿಂದಿನ ಎರಡು ದೀಪದ ತಂತಿ ಕಟ್ಟಿದವನು ನಾನೇ. ಬಹಳ ಅಚ್ಚುಕಟ್ಟಾಗಿ ಕಟ್ಟಿದ್ದೆ, ಸೈಲೆನ್ಸರಿನ ಪೈಪಿಗೆ ಅಂಟಿಕೊಂಡಂತೆ! ಮೊದಲ ದಿನ ಕೆರೂರು ದಾಟುವ ಮೊದಲೇ ಪ್ಲಾಸ್ಟಿಕ್ ಸುಟ್ಟ ವಾಸನೆ. ರಸ್ತೆ ಪಕ್ಕದ ಹೋಟೆಲಿನವರು ಏನೋ ಸುಡುತ್ತಿದ್ದಾರೆ ಅಂತ ನಾನು. ಕಾಕಾ ಮೂಗು ಎಳೆದು, "ಹೋಟ್ಲು ನಮ್ಮ ಕೂಡನ ಬರಾಕತ್ತೈತಲ್ಲೋ" ಅಂದ. ಪಕ್ಕಕ್ಕೆ ನಿಲ್ಲಿಸಿ ಸ್ವಿಚ್ ಒತ್ತಿದರೆ ದೀಪ ಹತ್ತಲಿಲ್ಲ. ಇಳಿದು ನೋಡಿದರೆ ತಂತಿಯ ಮೇಲಿನ ಪ್ಲಾಸ್ಟಿಕ್ ಕರಗಿ, ತಾಮ್ರ ಹೊರಗೆ ಬಂದು ಪೈಪಿಗೆ ಮುಟ್ಟಿತ್ತು. ಫ್ಯೂಜು ಹಾರಿತ್ತು. ಅದು ಹಾರದಿದ್ದರೆ ಜೀಪಿನ ಬುಡಕ್ಕೆ ಬೇರೆಯದೇ ಬೆಳಕು ಬರುತ್ತಿತ್ತು.

ಎಲ್ಲ ಸರಿ ಮಾಡಿಸಿ ಹಳ್ಳಕ್ಕೆ ಇಳಿದ ಮೊದಲ ರಾತ್ರಿ ಡಾಂಬರು ಬಿಟ್ಟ ಮೇಲೆಯೇ ಸ್ವಿಚ್ ಒತ್ತಿದೆ. ರಸ್ತೆಯ ಮೇಲೆ ಹಚ್ಚುವುದಿಲ್ಲ ಅಂತ ಮೊದಲೇ ಠರಾಯಿಸಿದ್ದೆ. 2024ರ ಜುಲೈನಿಂದ ಪೊಲೀಸರು ಎದುರಿನವರ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳಿಗೆ ಕೇಸು ಹಾಕಲು ಶುರು ಮಾಡಿದ್ದಾರೆ. ಬುಡದ ದೀಪ ಯಾರ ಕಣ್ಣಿಗೂ ಬೀಳುವುದಿಲ್ಲ, ನಿಜ. ಅದನ್ನು ರಾತ್ರಿ ಹನ್ನೊಂದಕ್ಕೆ ಚೆಕ್‌ಪೋಸ್ಟಿನಲ್ಲಿ ನಿಂತು ಯಾರು ವಿವರಿಸುತ್ತಾರೆ?

ಟಕ್ ಅಂತು. ಜೀಪಿನ ಸುತ್ತ ನೆಲ ಬೆಳಗಿತು. ಹಳ್ಳದ ಕಲ್ಲು ಒಂದೊಂದೂ ಕಾಣಿಸಿತು. ಒಂದರ ಪಕ್ಕ ಕಪ್ಪೆ ಕೂತಿತ್ತು, ಅದೂ ಕಾಣಿಸಿತು. ಕಾಕಾ ಕೆಳಗಿಳಿದು ಮುಂದೆ ನಿಂತ. ಮೊಬೈಲು ಜೇಬಲ್ಲೇ ಇತ್ತು. ಜೀಪು ಮುಂದಕ್ಕೆ ಬಂತು, ಅವನು ಕೈ ಮಾಡಲಿಲ್ಲ. ಸುಮ್ಮನೆ ನೋಡುತ್ತಾ ನಿಂತವನು, "ಅಪ್ಪನ ಚಕ್ಕಡಿ ಬಂದಂಗ ಆತು" ಅಂದ.

ಅವನ ಅಪ್ಪ ಅಂದರೆ ನಮ್ಮ ಅಜ್ಜ. ಚಕ್ಕಡಿಯ ಅಚ್ಚಿನ ಹಿಂದೆ ಒಂದು ಕಬ್ಬಿಣದ ಕೊಂಡಿ ಇತ್ತು. ಕತ್ತಲಾದ ಮೇಲೆ ಹೊರಟರೆ ಅಜ್ಜ ಅದಕ್ಕೆ ಕಂದೀಲು ತೂಗುಹಾಕುತ್ತಿದ್ದ. ನಾನು ಮೂರನೇ ಇಯತ್ತೆಯಲ್ಲಿದ್ದಾಗ ಬನಶಂಕರಿ ಜಾತ್ರೆಗೆ ಹಾಗೆ ಹೋಗಿದ್ದೆವು. ಬನದ ಹುಣ್ಣಿಮೆ. ಹಾಲು ಚೆಲ್ಲಿದ ಹಾಗೆ ಬೆಳದಿಂಗಳು. ಆದರೂ ಅಜ್ಜ ಕಂದೀಲಿಗೆ ಚಿಮಣಿ ಎಣ್ಣೆ ಹಾಕಿ, ಗಾಜು ಒರೆಸಿ, ಬತ್ತಿ ಸಣ್ಣ ಮಾಡಿ ಕೆಳಗೇ ಕಟ್ಟಿದ. ಹುಣ್ಣಿಮೆಗೆ ಯಾಕಜ್ಜಾ ಅಂತ ಕೇಳಿದ್ದೆ. "ಬೆಳದಿಂಗ್ಳು ಚಕ್ಕಡಿ ಮ್ಯಾಲ ಬೀಳತೈತಿ ತಮ್ಮಾ. ಬುಡಕ ಬೀಳೂದಿಲ್ಲ."

ನಾನು ಹಿಂದುಗಡೆ ಹುಲ್ಲಿನ ಮೇಲೆ ಬೋರಲು ಮಲಗಿ ನೋಡುತ್ತಿದ್ದೆ. ಕಂದೀಲು ತೂಗುತ್ತಿತ್ತು. ಗಾಲಿಯ ಕಡ್ಡಿಗಳ ನೆರಳು ಹಾದಿ ದಾಟಿ ಜೋಳದ ಹೊಲಕ್ಕೆ ಬಿದ್ದು, ಮನೆಯಷ್ಟು ದೊಡ್ಡದಾಗಿ ತಿರುಗುತ್ತಿತ್ತು. ಹಿಂದೆ ಇನ್ನೂ ಏಳೆಂಟು ಚಕ್ಕಡಿ. ಅಷ್ಟು ದೂರಕ್ಕೆ ಎತ್ತು ಕಾಣುತ್ತಿರಲಿಲ್ಲ, ಮಂದಿ ಕಾಣುತ್ತಿರಲಿಲ್ಲ. ನೆಲದಿಂದ ಒಂದು ಮೊಳ ಮೇಲೆ ತೂಗುವ ಬೆಳಕು ಮಾತ್ರ, ಸಾಲಾಗಿ ಬರುತ್ತಿತ್ತು.

ಜೀಪಿನ ದೀಪ ತೂಗುವುದಿಲ್ಲ. ನೆರಳು ಬೀಳಿಸಲು ಅದರ ಗಾಲಿಗೆ ಕಡ್ಡಿಯೂ ಇಲ್ಲ. ಆದರೂ ಕಾಕಾ ಆ ರಾತ್ರಿ ಮೋಟರು ಚಾಲೂ ಮಾಡಿ ಬಂದು, ಜೀಪಿನ ಪಕ್ಕ ಒಡ್ಡಿನ ಮೇಲೆ ಕೂತು, ದೀಪ ಆರಿಸಬೇಡ ಅಂದ. ಬ್ಯಾಟರಿ ಇಳಿಯುತ್ತದೆ ಅಂದರೂ ಕೇಳಲಿಲ್ಲ. ಅಡಿಕೆ ಹಾಕಿಕೊಂಡ.

ಈಗ ಉರಿಯುತ್ತಿರೋದು ಏಳು. ಮಳೆಗಾಲಕ್ಕೆ ಬುಡದ ತುಂಬ ಎರಿ ಮಣ್ಣು ಮೆತ್ತಿಕೊಂಡಿತ್ತು, ತೊಳೆಸಲು ಕೊಟ್ಟಿದ್ದೆ. ಹುಡುಗ ಪ್ರೆಶರ್ ಪೈಪನ್ನು ದೀಪದ ಮೂತಿಗೇ ಹಿಡಿದ. ನೀರಲ್ಲಿ ಮುಳುಗುವುದು ಬೇರೆ, ಪೈಪಿನ ಏಟು ತಿನ್ನುವುದು ಬೇರೆ. ಐಪಿ67 ಮೊದಲನೆಯದಕ್ಕಷ್ಟೇ ಹೊಣೆ. ಸತ್ತಿದ್ದು ಬಕೀಟಿನಲ್ಲಿ ಗುಳ್ಳೆ ಬಿಟ್ಟಿತ್ತಲ್ಲ, ಅದಲ್ಲ. ಅದು ಸಂಡಿಗೆ ಪಕ್ಕ ಒಣಗಿದ್ದು, ಇನ್ನೂ ಗಟ್ಟಿಯಾಗಿದೆ. ಪಾಸಾದ ಆರರಲ್ಲಿ ಒಂದು ಹೋಯಿತು, ಬಲಗಡೆ ಹಿಂದಿನದು. ಅಂಗಡಿಯಲ್ಲಿ ಒಂದೇ ದೀಪ ಬಿಡಿಯಾಗಿ ಕೊಡುವುದಿಲ್ಲ, ತಗೊಂಡರೆ ಎಂಟು. ಸದ್ಯಕ್ಕೆ ಹಿಂದೆ ಕೂತವರು ಎಡಗಡೆಯಿಂದಲೇ ಇಳಿಯುತ್ತಿದ್ದಾರೆ.