ಗುಲ್ಮಾರ್ಗ್‌ಗೆ ಹೊರಟ ತೋಟದವರಿಗೆ

ಕಾಫಿಗೆ ಒಳ್ಳೆ ರೇಟು ಬಂದಾಗಿನಿಂದ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಕಾಶ್ಮೀರದ ಗುಲ್ಮಾರ್ಗ್‌ನ ಹಿಮದ ಫೋಟೋಗಳಿಗೇನೂ ಬರ ಇಲ್ಲ. ಬಾಡಿಗೆಯ ದಪ್ಪ ಕೋಟು, ಕಪ್ಪು ಕನ್ನಡಕ, ಕೈಯಲ್ಲಿ ಸ್ಕೀ ಕೋಲು. ವಿಚಾರಿಸಿದರೆ, ಸ್ಕೀ, ಅಂದರೆ ಹಿಮದ ಮೇಲೆ ಜಾರುವ ಉದ್ದ ಪಟ್ಟಿ, ಕಾಲಿಗೆ ಹಾಕಿದ್ದು ಅರ್ಧ ಗಂಟೆ. ಅದರಲ್ಲೂ ಗೈಡ್ ಕೈ ಹಿಡಿದು ಎಳೆದದ್ದೇ ಜಾಸ್ತಿ. ಉಳಿದ ಹೊತ್ತೆಲ್ಲ ಗೊಂಡೋಲಾ ಅನ್ನುವ ಕೇಬಲ್ ಕಾರಿನ ಕ್ಯೂನಲ್ಲಿ. ವಾಪಸ್ ಬಂದು ‘ಸ್ಕೀಯಿಂಗ್ ಅಂದ್ರೆ ಅಷ್ಟೇ ಮಾರಾಯ, ಬೀಳೋದು, ಏಳೋದು’ ಅಂತ ತೀರ್ಪು ಬೇರೆ.

ನಾನು ಹೇಳಬೇಕು ಅಂದುಕೊಂಡಿರೋದು ಒಂದೇ ಮಾತು. ಮನೆಮಂದಿಯೆಲ್ಲ ಸೇರಿ ಸ್ಕೀ ಮಾಡಲು ಹೋಗುವುದಾದರೆ ಆ ಊರಿನ ಅತಿ ಎತ್ತರದ ಜಾಗ ನೋಡಿ ಆರಿಸಬೇಡಿ. ಅಲ್ಲಿನ ಅತಿ ಸುಲಭದ ಇಳಿಜಾರು ಹೇಗಿದೆ ಅಂತ ನೋಡಿ ಆರಿಸಿ.

ನಮಗೆ ಇದು ಸುಲಭಕ್ಕೆ ಒಗ್ಗುವುದಿಲ್ಲ. ನಮ್ಮ ಮುಳ್ಳಯ್ಯನಗಿರಿಯನ್ನೇ ನೋಡಿ. 1,930 ಮೀಟರ್, ಕರ್ನಾಟಕದಲ್ಲೇ ಎತ್ತರ. ಸೀತಾಳಯ್ಯನಗಿರಿ ದಾಟಬೇಕು, ಮೆಟ್ಟಿಲು ಹತ್ತಬೇಕು, ಗಾಳಿಗೆ ಮುಖ ಕೊಟ್ಟು ಸೆಲ್ಫಿ ತೆಗೀಬೇಕು, ಇಳೀಬೇಕು. ಹತ್ತಲಾಗದ ಅಜ್ಜಿ ಕಾರಲ್ಲೇ ಕೂತು ಚುರುಮುರಿ ತಿನ್ನುತ್ತಾರೆ. ಬೆಟ್ಟ ಅಂದರೆ ತುದಿ, ತುದಿ ಮುಟ್ಟದಿದ್ದರೆ ಹೋಗಿದ್ದೇ ದಂಡ ಅನ್ನುವ ಲೆಕ್ಕ ನಮ್ಮದು. ಅದೇ ಲೆಕ್ಕ ಹೊತ್ತುಕೊಂಡು ಹಿಮಾಲಯಕ್ಕೂ ಹೋಗುತ್ತೇವೆ.

ಒಳ್ಳೆ ಸ್ಕೀ ರೆಸಾರ್ಟ್‌ನಲ್ಲಿ ಲೆಕ್ಕ ಬೇರೆ. ಒಂದೇ ಬೆಟ್ಟ, ಇಳಿಯೋಕೆ ಹತ್ತಾರು ದಾರಿ, ಪ್ರತಿ ದಾರಿಗೂ ಬಣ್ಣ. ಯುರೋಪಿನ ಬಹಳ ಕಡೆ ಹಸಿರು ತೀರಾ ಹೊಸಬರಿಗೆ, ನೀಲಿ ಸುಲಭ, ಕೆಂಪು ಸ್ವಲ್ಪ ಪಳಗಿದವರಿಗೆ, ಕಪ್ಪು ಗಟ್ಟಿಗರಿಗೆ. ಅಮೆರಿಕದಲ್ಲಿ ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರ. ಎರಡು ವಜ್ರ ಇದ್ದರೆ ನಾವು ಆ ಕಡೆ ತಲೆ ಹಾಕೋದೇ ಬೇಡ. ಒಂದು ಎಚ್ಚರ: ಈ ಬಣ್ಣಕ್ಕೆ ಇಡೀ ಜಗತ್ತಿಗೆ ಒಂದೇ ಅಳತೆ ಇಲ್ಲ. ಆಯಾ ಬೆಟ್ಟದ ಉಳಿದ ದಾರಿಗಳ ಜೊತೆ ಹೋಲಿಸಿ ಕೊಟ್ಟಿರುತ್ತಾರೆ. ಒಂದು ಕಡೆಯ ನೀಲಿ ಇನ್ನೊಂದು ಕಡೆ ಕೆಂಪಿನಷ್ಟು ಕಡಿದಾಗಿರಬಹುದು.

ಇದರಿಂದ ಆಗುವ ಉಪಕಾರ ಏನು ಗೊತ್ತಾ? ಅಪ್ಪ, ಮಗಳು, ಅತ್ತಿಗೆ, ಭಾವ ಎಲ್ಲರೂ ಒಂದೇ ಲಿಫ್ಟ್‌ನಲ್ಲಿ, ಅಂದರೆ ತಂತಿಗೆ ತೂಗುವ ಕುರ್ಚಿಯಲ್ಲಿ, ಕೂತು ಮೇಲೆ ಹೋಗಬಹುದು. ಅವರವರ ಧೈರ್ಯಕ್ಕೆ ತಕ್ಕ ದಾರಿಯಲ್ಲಿ ಇಳಿದು ಮತ್ತೆ ಲಿಫ್ಟಿನ ಬುಡದಲ್ಲೇ ಸೇರಬಹುದು. ಯಾರೂ ಯಾರಿಗೂ ಕಾಯುವುದಿಲ್ಲ, ಯಾರೂ ‘ನಿನ್ನಿಂದ ನಮ್ಮ ಟ್ರಿಪ್ ಹಾಳಾಯ್ತು’ ಅನ್ನುವುದಿಲ್ಲ. ಅಂದ ಹಾಗೆ, ಈ ಕುರ್ಚಿ ಲಿಫ್ಟ್ ಹುಟ್ಟಿದ ಕಥೆ ತೋಟದವರಿಗೆ ಇಷ್ಟ ಆಗಬಹುದು. 1936ರಲ್ಲಿ ಅಮೆರಿಕದ ಸನ್ ವ್ಯಾಲಿಯಲ್ಲಿ ಮೊದಲ ಕುರ್ಚಿ ಲಿಫ್ಟ್ ಶುರುವಾಯಿತು. ಮಾಡಿದವರು ಯೂನಿಯನ್ ಪೆಸಿಫಿಕ್ ರೈಲ್ವೆಯ ಇಂಜಿನಿಯರ್ ಜೇಮ್ಸ್ ಕರ್ರನ್. ಬಾಳೆಗೊನೆಗಳನ್ನು ಕೊಕ್ಕೆಗೆ ತೂಗುಹಾಕಿ ಹಡಗಿಗೆ ಸಾಗಿಸುವ ಯಂತ್ರ ಅವರಿಗೆ ಗೊತ್ತಿತ್ತು. ಗೊನೆ ಇದ್ದ ಜಾಗಕ್ಕೆ ಕುರ್ಚಿ ಹಾಕಿದರು, ಅಷ್ಟೇ.

ಇನ್ನು ನಮ್ಮ ದೇಶದ ಮಾತು. ನಮ್ಮಲ್ಲಿ ಅಷ್ಟೊಂದು ಬಣ್ಣದ ದಾರಿಗಳಿಲ್ಲ, ನಿಜ. ಗುಲ್ಮಾರ್ಗ್ ಇರುವುದೇ ಸುಮಾರು 2,650 ಮೀಟರ್ ಎತ್ತರದಲ್ಲಿ. ಗೊಂಡೋಲಾದ ಮೊದಲ ಹಂತ ಕೊಂಗ್‌ಡೂರಿಗೆ, ಸುಮಾರು 3,080 ಮೀಟರ್. ಎರಡನೇ ಹಂತ ಅಫರ್ವಟ್ ಬೆಟ್ಟದ ಮೇಲೆ 3,900 ಮೀಟರ್ ದಾಟಿ ಬಿಡುತ್ತದೆ. ನಮ್ಮವರೆಲ್ಲ ಜಗಳ ಆಡಿ ಟಿಕೆಟ್ ಮಾಡಿಸೋದು ಈ ಎರಡನೇ ಹಂತಕ್ಕೇ. ಹೋಗಿ, ನೋಡಿ, ಬೇಡ ಅನ್ನಲ್ಲ. ಆದರೆ ಅಲ್ಲಿಂದ ಸ್ಕೀ ಮಾಡುತ್ತಾ ಇಳಿಯುವುದು ಸಂಸಾರಸ್ಥರ ಕೆಲಸ ಅಲ್ಲ. ಬಹುಪಾಲು ಯಂತ್ರದಿಂದ ಹದ ಮಾಡದ ಆಳವಾದ ಹಿಮ ಅದು, ಜೊತೆಗೆ ಹಿಮಕುಸಿತದ ಭಯ. 2023ರ ಫೆಬ್ರವರಿಯಲ್ಲಿ ಅಫರ್ವಟ್‌ನಲ್ಲಿ ಪೋಲೆಂಡಿನ ಇಬ್ಬರು, ಮರುವರ್ಷ ಅದೇ ತಿಂಗಳು ಗುಲ್ಮಾರ್ಗ್ ಮೇಲ್ಭಾಗದಲ್ಲಿ ರಷ್ಯಾದ ಒಬ್ಬರು ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡರು. ಹೊಸದಾಗಿ ಕಲಿಯಲು ಬಂದವರಲ್ಲ ಅವರು. ನಮಗೆ ಬೇಕಾದ್ದು ಕೆಳಗಿನ ಬಯಲು. ಅಲ್ಲಿನ ತಗ್ಗು ಇಳಿಜಾರಿನಲ್ಲಿ ಪುಟ್ಟ ಮಕ್ಕಳು ಜಾರಿ ಹೋಗುವುದನ್ನು ನೋಡುತ್ತಾ ಕೂತರೇ ಅರ್ಧ ದಿನ ಕಳೆಯುತ್ತದೆ.

ಪಹಲ್ಗಾಮ್‌ನಲ್ಲಿ ಆದದ್ದರ ನಂತರ ಕಾಶ್ಮೀರದ ಹೆಸರು ಎತ್ತಬೇಡಿ ಅನ್ನುವವರು ನಮ್ಮ ಮನೆಯಲ್ಲೂ ಇದ್ದಾರೆ. ಪಕ್ಕದ ಶಿವಮೊಗ್ಗದವರೊಬ್ಬರು ಅಲ್ಲಿ ಪ್ರಾಣ ಕಳೆದುಕೊಂಡರು, ಆ ಭಯಕ್ಕೆ ವಾದ ಹೂಡಲು ನಾನು ತಯಾರಿಲ್ಲ. ಅವರಿಗೆ ಉತ್ತರಾಖಂಡದ ಔಲಿ ಇದೆ. ಸ್ಕೀ ಇಳಿಜಾರು ಸುಮಾರು 2,500ರಿಂದ 3,050 ಮೀಟರ್ ನಡುವೆ, ಎದುರಿಗೆ ನಂದಾದೇವಿ. ಗಢವಾಲ್ ಮಂಡಲ್ ವಿಕಾಸ್ ನಿಗಮ ಅಲ್ಲಿ 7 ದಿನದ, 14 ದಿನದ ಕೋರ್ಸ್ ನಡೆಸುತ್ತಾ ಬಂದಿದೆ. ಕಲಿಯಲೇಬೇಕು ಅನ್ನುವವರಿಗೆ ನನ್ನ ಓಟು ಔಲಿಗೇ. ಒಂದು ತೊಂದರೆ ಇದೆ: ಜೋಶಿಮಠದಿಂದ ಮೇಲಕ್ಕೆ ಹೋಗುತ್ತಿದ್ದ ರೋಪ್‌ವೇ 2023ರ ಜನವರಿಯಲ್ಲಿ ಊರಿನ ನೆಲ ಕುಸಿಯತೊಡಗಿದಾಗ ನಿಂತುಹೋಯಿತು. ರಸ್ತೆಯಲ್ಲೇ ಹೋಗುವ ಲೆಕ್ಕ ಹಾಕಿಕೊಳ್ಳಿ. ಮನಾಲಿ ಹತ್ತಿರದ ಸೋಲಂಗ್? ಜಾತ್ರೆ. ಹಿಮ ಮುಟ್ಟಿ ಬರೋಕೆ ಸಾಕು.

ಎಲ್ಲಿಗೇ ಹೋದರೂ ಬೂಟು, ಅದನ್ನು ಸ್ಕೀಗೆ ಕಚ್ಚಿ ಹಿಡಿಯುವ ಬೈಂಡಿಂಗ್, ಇವೆರಡರ ವಿಷಯದಲ್ಲಿ ಮಾತ್ರ ಮುಲಾಜು ಬೇಡ. ಸ್ಕೀ ಬೂಟು ಗಟ್ಟಿ ಪ್ಲಾಸ್ಟಿಕ್, ಪಾದ ಮಡಚೋದೇ ಇಲ್ಲ. ಹಿಮ್ಮಡಿ ಊರಿ ಊರಿ ನಡೆಯಬೇಕು. ಬೂಟಿನ ಅಡಿಗೆ ಹಿಮ ಅಂಟಿ ಗಟ್ಟಿಯಾಗಿರುತ್ತದೆ. ಕೋಲಿನಿಂದ ಕುಟ್ಟಿ ಅದನ್ನು ಉದುರಿಸದಿದ್ದರೆ ಎಷ್ಟು ತುಳಿದರೂ ಬೂಟು ಸ್ಕೀಗೆ ಕೂರುವುದಿಲ್ಲ. ಉದುರಿಸಿ, ಮುಂಗಾಲು ತೂರಿಸಿ, ಹಿಮ್ಮಡಿ ಒತ್ತಿದರೆ ‘ಟಕ್’ ಅನ್ನುತ್ತದೆ. ಬಿದ್ದಾಗ ಅದೇ ಬೈಂಡಿಂಗ್ ತಾನಾಗಿ ಬಿಟ್ಟುಕೊಳ್ಳಬೇಕು. ಎಷ್ಟು ಬಲಕ್ಕೆ ಬಿಡಬೇಕು ಅನ್ನುವುದನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಳತೆ, ಅನುಭವ ನೋಡಿ ಹೊಂದಿಸುತ್ತಾರೆ. ನಾವು ಹೋದಾಗ ಮೊದಲ ಬಾಡಿಗೆ ಅಂಗಡಿಯಲ್ಲಿ ತೂಕ ಕೇಳಲೇ ಇಲ್ಲ, ಕಾಲಿನ ಸೈಜು ಕೇಳಿ ಕೊಟ್ಟುಬಿಡಲು ನೋಡಿದರು. ಎದ್ದು ಬಂದೆವು. ಎರಡನೇ ಅಂಗಡಿಯಲ್ಲಿ ಕೇಳಿದರು, ಭಾವ ನಾಚಿಕೆಗೆ ಹತ್ತು ಕೆಜಿ ಕಮ್ಮಿ ಹೇಳಿದರು. ಅತ್ತಿಗೆ ಅಲ್ಲೇ ‘ರೀ, ಇದು ಮದುವೆ ಬಯೋಡೇಟಾ ಅಲ್ಲ, ಸರಿಯಾಗಿ ಹೇಳಿ’ ಅಂದರು. ಕಮ್ಮಿ ಹೇಳಿದರೆ ಸ್ಕೀ ಸುಮ್ಸುಮ್ನೆ ಕಳಚಿಕೊಳ್ಳುತ್ತದೆ. ಜಾಸ್ತಿ ಬಿಗಿಯಾದರೆ ಬಿದ್ದಾಗ ಕಳಚದೆ ಮೊಣಕಾಲು ತಿರುಚಿಕೊಳ್ಳುತ್ತದೆ.

ಕಲಿಸುವವರು ಮೊದಲು ಹೇಳಿಕೊಡುವುದು ನಿಲ್ಲುವುದನ್ನು. ಎರಡೂ ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂಭಾಗ ಅಗಲ, ಒಳಅಂಚಿನ ಮೇಲೆ ಭಾರ. ಮಕ್ಕಳಿಗೆ ‘ಪಿಜ್ಜಾ ತುಂಡು ಮಾಡು’ ಅಂದರೆ ಸಾಕು. ಭಾವನ ಮಗಳು ಎರಡನೇ ದಿನಕ್ಕೇ ಒಬ್ಬಳೇ ಇಳಿದು ಸೊಗಸಾಗಿ ನಿಂತಳು. ಭಾವ ಇನ್ನೂ ಹಿಂದಕ್ಕೆ ವಾಲಿ ವಾಲಿ ಬೀಳುತ್ತಿದ್ದರು. ಹೆದರಿಕೆಗೆ ಹಿಂದಕ್ಕೆ ವಾಲಿದರೆ ಸ್ಕೀ ಹಿಡಿತಕ್ಕೇ ಸಿಗಲ್ಲ, ಭಾರ ಮುಂದಿರಬೇಕು. ದೊಡ್ಡವರಿಗೆ ಇದು ತಲೆಗೆ ಹೋದರೂ ಕಾಲಿಗೆ ಹೋಗಲು ಹೊತ್ತು ಬೇಕು. ಒಂದೇ ಹಗಲಿಗೆ ಬಂದವರಿಗೆ ಆ ಹೊತ್ತೇ ಸಿಗುವುದಿಲ್ಲ ಅಲ್ವಾ? ಇನ್ನೊಂದು ನಿಯಮ ನಮ್ಮ ಡ್ರೈವರುಗಳಿಗೆ ತಮಾಷೆ ಅನ್ನಿಸಬಹುದು. ಘಾಟಿಯಲ್ಲಿ ಹತ್ತುವ ಗಾಡಿಗೆ ದಾರಿ ಬಿಡುತ್ತೇವೆ. ಇಲ್ಲಿ ಎಲ್ಲರೂ ಇಳಿಯುವವರೇ, ಹಾಗಾಗಿ ಮುಂದೆ, ಕೆಳಗೆ ಇರುವವನದೇ ಹಕ್ಕು. ಹಿಂದಿನಿಂದ ಬರುವವನು ತಪ್ಪಿಸಿಕೊಂಡು ಹೋಗಬೇಕು.

‘ಇದೆಲ್ಲ ಹಿಮ ಬೀಳುವ ಊರಿನವರಿಗೆ’ ಅನ್ನುವವರಿಗೆ ಒಂದು ಹೆಸರು ಹೇಳುತ್ತೇನೆ: ಕೊಡಗಿನ ಭವಾನಿ ತೆಕ್ಕಡ ನಂಜುಂಡ. ಅವರದು ಇಳಿಜಾರಿನ ಸ್ಕೀ ಅಲ್ಲ, ಹಿಮದ ಮೇಲೆ ದೂರ ಸಾಗುವ ಕ್ರಾಸ್ ಕಂಟ್ರಿ. ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಪದಕ ಗೆದ್ದಿದ್ದಾರೆ. ಕಾಫಿ ಬೆಳೆಯುವ ಜಿಲ್ಲೆಯವರೇ.

ನಮ್ಮ ನಿಜವಾದ ತಕರಾರು ಕ್ಯಾಲೆಂಡರಿನದು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆ ಹಿಮ, ಅದೇ ಹೊತ್ತಿಗೆ ನಮ್ಮಲ್ಲಿ ಹಣ್ಣು ಕೊಯ್ಲು, ಕಣ, ಆಳುಗಳ ಬಟವಾಡೆ. ಅರೇಬಿಕಾದವರು ಜನವರಿ ಕೊನೆಗೆ ಉಸಿರು ಬಿಡಬಹುದು, ರೋಬಸ್ಟಾದವರಿಗೆ ಅದೂ ಇಲ್ಲ. ಮಾರ್ಚ್ ಅಂದರೆ ಮಕ್ಕಳ ಪರೀಕ್ಷೆ, ಕಾಫಿ ಹೂ ಅರಳಲು ಬೇಕಾದ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಚಿಂತೆ. ಹಿಮವೂ ಈಗ ಹೇಳಿದ ಮಾತು ಕೇಳುವುದಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಪಂದ್ಯಗಳನ್ನೇ ಹಿಮ ಸಾಲದೆ ಮಾರ್ಚ್‌ಗೆ ಹಾಕಿದರು. ಆರು ತಿಂಗಳ ಮುಂಚೆ ಪೂರ್ತಿ ದುಡ್ಡು ಕಟ್ಟಿ ಕೂರಬೇಡಿ. ನನ್ನ ಕೇಳಿದರೆ ಅರೇಬಿಕಾ ಕಣದಿಂದ ಎದ್ದ ಮೇಲೆ, ಫೆಬ್ರವರಿ ಎರಡನೇ ವಾರದ ಹೊತ್ತಿಗೆ ಹೊರಡೋದು ವಾಸಿ. ಮಕ್ಕಳಿಗೆ ನಾಲ್ಕು ದಿನ ಶಾಲೆ ತಪ್ಪಿದರೆ ಪ್ರಳಯ ಆಗಲ್ಲ.

ಪ್ಯಾಕೇಜ್ ಮಾರುವವರು ಶ್ರೀನಗರ, ಸೋನಾಮಾರ್ಗ್, ಪಹಲ್ಗಾಮ್ ಎಲ್ಲ ತುರುಕಿ ಗುಲ್ಮಾರ್ಗ್‌ಗೆ ಒಂದು ಹಗಲು ಕೊಡುತ್ತಾರೆ. ಅದು ಬೇಡ ಅನ್ನಿ. ಉಳಿದದ್ದನ್ನೆಲ್ಲ ತೆಗೆಸಿ ಅಲ್ಲೇ ಐದಾರು ರಾತ್ರಿ ಹಾಕಿಸಿ. ಗೊಂಡೋಲಾ ಎರಡನೇ ಹಂತದ ದುಡ್ಡು ಉಳಿಸಿ ಕಲಿಸುವವರಿಗೆ ಕೊಡಿ. ಮಂಡಿ ನೋವಿನ ಅಮ್ಮನನ್ನೂ ಕರ್ಕೊಂಡು ಹೋಗಿ, ಮೊದಲ ಹಂತದವರೆಗೆ ಅವರು ಆರಾಮಾಗಿ ಬರಬಹುದು. ಬಾಡಿಗೆ ಅಂಗಡಿಯಲ್ಲಿ ತೂಕ ಕೇಳಿದಾಗ ಸರಿಯಾದದ್ದನ್ನೇ ಹೇಳಿ.