ಮೊದಲು ಫೀಸು ಕಟ್ಟಿ, ಕ್ರೆಡಿಟ್ ಆಮೇಲೆ ನೋಡೋಣ

ಮಧ್ಯಾಹ್ನದಿಂದ ತಲೆ ಕಾದು ಕೂತಿದೆ. ಬರೆದು ಮುಗಿಸದೆ ನಿದ್ದೆ ಬರೋ ಹಾಗಿಲ್ಲ. ಉದ್ದ ಆಗುತ್ತೆ, ದಯವಿಟ್ಟು ಓದಿ.

ನನಗೆ ಚೆನ್ನಾಗಿ ಗೊತ್ತಿರೋ ಹುಡುಗಿ, ನನ್ನ ಹಳೇ ವಿದ್ಯಾರ್ಥಿನಿ. ಬಿ.ಕಾಂ. ಎರಡು ಸೆಮಿಸ್ಟರ್ ಮುಗಿಸಿದ್ದಾಳೆ, ಒಂದು ಪೇಪರೂ ಬಾಕಿ ಇಲ್ಲ. ಅವಳ ಅಪ್ಪನಿಗೆ ಬೇರೆ ಜಿಲ್ಲೆಗೆ ವರ್ಗ ಆಯ್ತು. ಮಗಳನ್ನ ಇಲ್ಲೇ ಪಿಜಿಯಲ್ಲಿಟ್ಟು ಓದಿಸೋ ಶಕ್ತಿ ಆ ಮನೆಗಿಲ್ಲ. ಹೊಸ ಊರಿನ ಕಾಲೇಜು ಬೇರೆ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಮೂರನೇ ಸೆಮಿಸ್ಟರಿಗೆ ಸೇರಿಸಿಕೊಳ್ತೀರಾ ಅಂತ ಕೇಳೋಕೆ ಹೊರಟಾಗ ನಾನೂ ಜೊತೆಗೆ ಹೋದೆ. ಕೌಂಟರಿನಲ್ಲಿದ್ದವರು ಹೇಳಿದ್ದು ಇಷ್ಟು: “ನೋಡಮ್ಮ, ಮೊದಲು ಫೀಸು ಕಟ್ಟಿ ಅಡ್ಮಿಷನ್ ಮಾಡಿಸ್ಕೊ. ಯಾವ ಪೇಪರ್ ಒಪ್ತಾರೆ, ಯಾವುದು ಒಪ್ಪಲ್ಲ ಅನ್ನೋದು ಆಮೇಲೆ ಯೂನಿವರ್ಸಿಟಿಯಿಂದ ಬರುತ್ತೆ.”

“ಆಮೇಲೆ ಅಂದ್ರೆ ಯಾವಾಗ ಸಾರ್?” ಅಂದರು ಅವಳ ಅಪ್ಪ.

“ಅದು ನಮ್ಮ ಕೈಲಿಲ್ಲ.”

“ಒಪ್ಪದೇ ಹೋದ್ರೆ?”

“ಫಸ್ಟ್ ಇಯರ್ ಪೇಪರ್ ಮತ್ತೆ ಬರೀಬೇಕಾಗುತ್ತೆ.”

“ಕಟ್ಟಿದ ಫೀಸು?”

ಅದಕ್ಕೆ ಅವರು ಏನೂ ಹೇಳಲಿಲ್ಲ. ಹಿಂದೆ ನಿಂತಿದ್ದವರ ಅರ್ಜಿ ತಗೊಂಡರು.

ಕೌಂಟರಿನಲ್ಲಿ ಕೂತವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈಗೆ ಕೊಟ್ಟಿರೋ ಪದ್ಧತಿಯೇ ಹಾಗಿದೆ. ಅಡ್ಮಿಷನ್ನಿಗೆ ಒರಿಜಿನಲ್ ಟಿಸಿ ಬೇಕು, ಬೇರೆ ವಿಶ್ವವಿದ್ಯಾಲಯಕ್ಕೆ ಹೋಗೋಕೆ ಹಳೇ ವಿಶ್ವವಿದ್ಯಾಲಯ ಕೊಡೋ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು. ಟಿಸಿ ಈಸ್ಕೊಂಡ ಗಳಿಗೆಗೇ ಹಳೇ ಕಾಲೇಜಿನಲ್ಲಿ ಹೆಸರು ಹೊಡೆದು ಹಾಕ್ತಾರೆ. ಹೊಸ ಕಡೆ ಫೀಸು ಕಟ್ಟಿ, ಕ್ಲಾಸಿಗೆ ಕೂತು, ಅರ್ಧ ಸೆಮಿಸ್ಟರ್ ಕಳೆದ ಮೇಲೆ “ನಿನ್ನ ಮೂರು ಪೇಪರ್ ಒಪ್ಪಿಲ್ಲ” ಅಂತ ಕಾಗದ ಬಂದರೆ ಆ ಮಗು ಎಲ್ಲಿಗೆ ವಾಪಸ್ ಹೋಗಬೇಕು? ಅಲ್ಲಿ ಸೀಟಿಲ್ಲ, ಇಲ್ಲಿ ಕ್ರೆಡಿಟ್ (ಪಾಸಾದ ಪೇಪರಿಗೆ ಡಿಗ್ರಿ ಲೆಕ್ಕದಲ್ಲಿ ಸಿಗೋ ಬೆಲೆ) ಇಲ್ಲ. ಲೆಕ್ಕ ಹೇಳೋ ಮುಂಚೆ ದುಡ್ಡು ಈಸ್ಕೊಳ್ಳೋದನ್ನ ಬೇರೆ ಯಾರು ಮಾಡಿದರೂ ನಾವು ಜಗಳಕ್ಕೆ ನಿಲ್ತೀವಿ. ಕಾಲೇಜು ಮಾಡಿದರೆ ತಲೆ ತಗ್ಗಿಸಿ ಚಲನ್ ತುಂಬ್ತೀವಿ.

ಅವಳ ಕೈಯಲ್ಲಿದ್ದ ಕಟ್ಟು ನೋಡಬೇಕಿತ್ತು ನೀವು. ಹಳೇ ಸಿಲೆಬಸ್ಸಿನ ಜೆರಾಕ್ಸ್, ಪುಟಪುಟಕ್ಕೂ ಪ್ರಿನ್ಸಿಪಾಲರ ಸಹಿ, ದುಂಡು ಸೀಲು. ಕೆಲವು ಕಡೆ ಸೀಲಿನ ನೇರಳೆ ಶಾಯಿ ಅಕ್ಷರದ ಮೇಲೇ ಬಿದ್ದು ಯೂನಿಟ್ಟಿನ ಹೆಸರೇ ಕಾಣಲ್ಲ. ಮನೆಗೆ ಬಂದು ಎರಡೂ ವಿಶ್ವವಿದ್ಯಾಲಯಗಳ ಸಿಲೆಬಸ್ ಪಕ್ಕಪಕ್ಕ ಇಟ್ಟು ಕೂತೆ. ಇದು ನಾನು ದಿನಾ ಪಾಠ ಮಾಡೋ ವಿಷಯ, ಕಣ್ಣಾಡಿಸಿದರೆ ಗೊತ್ತಾಗುತ್ತೆ. ಫೈನಾನ್ಷಿಯಲ್ ಅಕೌಂಟಿಂಗ್‌ನಲ್ಲಿ ಕನ್ಸೈನ್‌ಮೆಂಟ್ ಅಕೌಂಟ್ಸ್ ಒಂದು ಕಡೆ ಮೊದಲನೇ ಸೆಮಿಸ್ಟರಿಗಿದೆ, ಇನ್ನೊಂದು ಕಡೆ ಎರಡನೇದಕ್ಕೆ. ಒಂದರಲ್ಲಿ ರಾಯಲ್ಟಿ ಅಕೌಂಟ್ಸ್ ಇದೆ, ಇನ್ನೊಂದರಲ್ಲಿ ಅದರ ಜಾಗಕ್ಕೆ ಫೈರ್ ಇನ್ಶೂರೆನ್ಸ್ ಕ್ಲೇಮ್ಸ್. ಇದಿಷ್ಟೇ ವ್ಯತ್ಯಾಸ! ನಾಲ್ಕು ಕ್ಲಾಸ್ ಹೆಚ್ಚಿಗೆ ತಗೊಂಡರೆ ಮುಗಿಯೋ ವಿಷಯ. ಇದಕ್ಕೋಸ್ಕರ ಪಾಸಾದ ಪೇಪರನ್ನ ಪಾಸೇ ಆಗಿಲ್ಲ ಅನ್ನೋ ಹಾಗೆ ಮಾಡೋದು ಯಾವ ನ್ಯಾಯ? ಎರಡು ಸಿಲೆಬಸ್ ಎಷ್ಟು ಹೊಂದಿದರೆ ಸಾಕು ಅಂತ ಆ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಹುಡುಕಿದೆ. ಎಲ್ಲೂ ಬರೆದಿಲ್ಲ. ಆ ವರ್ಷ ಬಿಓಎಸ್‌ನಲ್ಲಿ (ಬೋರ್ಡ್ ಆಫ್ ಸ್ಟಡೀಸ್, ಸಿಲೆಬಸ್ ತೀರ್ಮಾನಿಸೋ ಸಮಿತಿ) ಯಾರಿರ್ತಾರೋ ಅವರ ಮನಸ್ಸಿಗೆ ಬಂದದ್ದೇ ನಿಯಮ.

ನಮ್ಮ ರಾಜ್ಯದಲ್ಲಿ ಇದು ಒಬ್ಬಳ ಕಥೆಯಾಗಿ ಉಳಿಯಲ್ಲ. ಬೆಂಗಳೂರು ವಿಶ್ವವಿದ್ಯಾಲಯ ಒಡೆದು ಮೂರಾಯ್ತು. 2023ರಲ್ಲಿ ಬೀದರ್, ಹಾವೇರಿ, ಕೊಡಗು, ಚಾಮರಾಜನಗರ, ಹಾಸನ, ಕೊಪ್ಪಳ, ಬಾಗಲಕೋಟೆ ಅಂತ ಒಟ್ಟಿಗೇ ಏಳು ಹೊಸ ವಿಶ್ವವಿದ್ಯಾಲಯ ಬಂದವು. ಮುಂಚೆ ಮೈಸೂರಿನ ಹುಡುಗಿ ಚಾಮರಾಜನಗರದ ಕಾಲೇಜಿಗೆ ಹೋದರೆ ಅದೇ ಸಿಲೆಬಸ್ಸು, ಅದೇ ಪರೀಕ್ಷೆ. ಈಗ ನಡುವೆ ಗಡಿ ಬಂತು. ಜೊತೆಗೆ ಸ್ವಾಯತ್ತ ಕಾಲೇಜುಗಳು, ಒಂದೊಂದಕ್ಕೂ ಒಂದೊಂದು ಸಿಲೆಬಸ್ಸು. ಸಾಲದ್ದಕ್ಕೆ ಪಠ್ಯಕ್ರಮವನ್ನೇ ಎರಡೆರಡು ಸಲ ಬದಲಾಯಿಸಿದ್ವಿ. 2021-22ರಲ್ಲಿ ದೇಶಕ್ಕೇ ಮೊದಲು ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ತಂದೆವು, ನಾಲ್ಕು ವರ್ಷದ ಡಿಗ್ರಿ ಅಂದೆವು. 2024-25ಕ್ಕೆ ಅದನ್ನ ಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂದೆವು. ಯಾವುದು ಸರಿ, ಯಾವುದು ತಪ್ಪು ಅನ್ನೋ ರಾಜಕೀಯದ ಚರ್ಚೆಗೆ ನಾನು ಇಲ್ಲಿ ಬರಲ್ಲ, ಕಮೆಂಟಿನಲ್ಲೂ ಬೇಡ. ನಾನು ಕೇಳ್ತಿರೋದು ಒಂದೇ. ಒಂದು ವರ್ಷ ಓದಿ ಬಿಟ್ಟರೂ ಸರ್ಟಿಫಿಕೇಟ್ ಸಿಗುತ್ತೆ, ಬೇಕಾದಾಗ ವಾಪಸ್ ಬಂದು ಮುಂದುವರಿಸಬಹುದು ಅಂತ ಎನ್‌ಇಪಿ ಕಾಲದಲ್ಲಿ ಹೇಳಿ ಸೇರಿಸಿಕೊಂಡ್ವಲ್ಲ, ಆ ಮಕ್ಕಳಲ್ಲಿ ಯಾರಾದರೂ ಇವತ್ತು ವಾಪಸ್ ಬಂದರೆ ಅವರ ಹಳೇ ಕ್ರೆಡಿಟ್ಟಿಗೆ ಈ ಹೊಸ ಸ್ಕೀಮಿನಲ್ಲಿ ಎಷ್ಟು ಬೆಲೆ ಅನ್ನೋದನ್ನ ಫೀಸು ಕಟ್ಟೋ ಮುಂಚೆ ಅವರಿಗೆ ಯಾರು ಹೇಳ್ತಾರೆ?

“ಎಬಿಸಿ ಇದೆಯಲ್ಲ ಮೇಡಂ” ಅಂತ ಗೆಳೆಯರು ನೆನಪಿಸ್ತಾರೆ. ಇದೆ. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡೋ ಕೇಂದ್ರದ ಆಯೋಗ ಯುಜಿಸಿ 2021ರಲ್ಲಿ ನಿಯಮ ಹೊರಡಿಸಿತು. ನಮ್ಮ ಮಕ್ಕಳಿಗೆ ನಾನೇ ಕೂರಿಸಿಕೊಂಡು ಡಿಜಿಲಾಕರಿನಲ್ಲಿ ಖಾತೆ ತೆರೆಸಿದ್ದೀನಿ. ಓದಿ ಗಳಿಸಿದ ಕ್ರೆಡಿಟ್ ಏಳು ವರ್ಷದ ತನಕ ಅಲ್ಲಿ ಜಮೆ ಇರಬಹುದು. ಡಿಗ್ರಿ ಕೊಡೋ ಸಂಸ್ಥೆಯಲ್ಲಿ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು ಅನ್ನೋ ಷರತ್ತಿದೆ, ಅದು ಒಪ್ಪೋ ಮಾತೇ. ನಮ್ಮ ಹುಡುಗಿಯ ಖಾತೆಯಲ್ಲೂ ಎರಡು ಸೆಮಿಸ್ಟರಿನ ಕ್ರೆಡಿಟ್ ಸಾಲಾಗಿ ಕಾಣುತ್ತೆ, ಮೊಬೈಲಿನಲ್ಲಿ ತೋರಿಸಿದಳು. ಆದರೆ ಈ ಬ್ಯಾಂಕಿನಲ್ಲಿ ಜಮೆ ಮಾತ್ರ ಆಗುತ್ತೆ. ಡ್ರಾ ಮಾಡೋಕೆ ಹೋದರೆ ಸೇರಿಸಿಕೊಳ್ಳೋ ವಿಶ್ವವಿದ್ಯಾಲಯ ಒಪ್ಪಬೇಕು. ಅವರು ಏನಂತಾರೆ? ಮೊದಲು ಫೀಸು ಕಟ್ಟಿ.

ಇನ್ನೂ ಹೊಟ್ಟೆ ಉರಿಯೋ ವಿಷಯ ಹೇಳ್ತೀನಿ. ಕೇಂದ್ರ ಸರ್ಕಾರದ ‘ಸ್ವಯಂ’ ಅನ್ನೋ ಆನ್‌ಲೈನ್ ಕೋರ್ಸುಗಳಿಂದ ಒಂದು ಸೆಮಿಸ್ಟರಿನ ಶೇಕಡಾ 40ರಷ್ಟು ಕೋರ್ಸುಗಳ ಕ್ರೆಡಿಟ್ ಒಪ್ಪಬಹುದು ಅಂತ ಯುಜಿಸಿ 2021ರಲ್ಲೇ ಹೇಳಿದೆ. ವಿಡಿಯೋ ನೋಡಿ, ಪರೀಕ್ಷೆ ಬರೆದು ತಂದ ಕ್ರೆಡಿಟ್ಟಿಗೆ ಹೀಗೆ ದಾರಿ ಇದೆ, ಇರಲಿ, ಸಂತೋಷ. ಪಕ್ಕದ ಜಿಲ್ಲೆಯಲ್ಲಿ ಪ್ರತಿದಿನ ಕ್ಲಾಸಿಗೆ ಬಂದು, ಇಂಟರ್ನಲ್ಸ್ ಬರೆದು, ಸರ್ಕಾರಿ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಪಾಸಾದವಳಿಗೆ ಯಾಕಿಲ್ಲ?

ಇದು ನನಗೆ ಇಷ್ಟು ತಾಕೋದಕ್ಕೆ ಒಂದು ಕಾರಣ ಇದೆ. ಇಲ್ಲಿ ಯಾವತ್ತೂ ಬರೆದಿರಲಿಲ್ಲ. ನಮ್ಮಕ್ಕ ನನಗಿಂತ ಚೆನ್ನಾಗಿ ಓದ್ತಿದ್ದಳು. ಬಿ.ಎಸ್ಸಿ. ಎರಡನೇ ವರ್ಷ ಮುಗಿಸಿದ ಬೇಸಿಗೆಯಲ್ಲಿ ಮದುವೆ ಆಯ್ತು. ಭಾವ ಓದಿಸ್ತೀನಿ ಅಂದಿದ್ದರು, ಮಾತಿಗೆ ತಪ್ಪಲೂ ಇಲ್ಲ, ಖುದ್ದಾಗಿ ತಮ್ಮೂರಿನ ಕಾಲೇಜಿಗೆ ಕರ್ಕೊಂಡು ಹೋದರು. ಮೊದಲ ವರ್ಷದಿಂದ ಶುರು ಮಾಡಬೇಕು ಅಂದರಂತೆ. ಯಾಕೆ ಅಂತ ಕೇಳಿದ್ದಕ್ಕೆ “ನಮ್ಮಲ್ಲಿ ಹಾಗೇ” ಅಂದರಂತೆ. ಅಷ್ಟು ಹೊತ್ತಿಗೆ ಅವಳು ಬಸುರಿ. ಡಿಗ್ರಿ ಅಲ್ಲಿಗೇ ನಿಂತಿತು. ನಮ್ಮಲ್ಲಿ ಮಧ್ಯದಲ್ಲಿ ಕಾಲೇಜು ಬದಲಾಯಿಸಬೇಕಾಗಿ ಬರೋರು ಹೆಚ್ಚಾಗಿ ಯಾರು? ಮದುವೆ ಆಗಿ ಊರು ಬಿಟ್ಟ ಹೆಣ್ಣುಮಕ್ಕಳು, ಕೆಲಸ ಹುಡುಕಿ ಹೊರಟ ಸಂಸಾರಗಳ ಮಕ್ಕಳು, ಅಪ್ಪ ತೀರಿಕೊಂಡು ಮಾವನ ಮನೆ ಸೇರಿದವರು. ಮನೆ ಕಡೆ ಗಟ್ಟಿ ಇರೋರು ಹಾಸ್ಟೆಲಿನಲ್ಲಿದ್ದು ಅಲ್ಲೇ ಮುಗಿಸ್ತಾರೆ. ಏಟು ಬೀಳೋದು ಯಾವಾಗಲೂ ಇವರಿಗೇ.

ಗುಣಮಟ್ಟದ ಪ್ರಶ್ನೆ ಎತ್ತೋರಿದ್ದಾರೆ, ನಮ್ಮ ಸ್ಟಾಫ್ ರೂಮಿನಲ್ಲೇ ಇದ್ದಾರೆ. ಎಲ್ಲಿಂದಲೋ ಬಂದವರ ಅಂಕಪಟ್ಟಿ ಕಣ್ಣು ಮುಚ್ಚಿ ಒಪ್ಪಿದರೆ ನಮ್ಮ ಡಿಗ್ರಿಗೆ ಏನು ಬೆಲೆ ಅಂತಾರೆ. ಕಣ್ಣು ಮುಚ್ಚಿ ಒಪ್ಪಿ ಅಂತ ಯಾರೂ ಹೇಳ್ತಿಲ್ಲ. ಕೆಮಿಸ್ಟ್ರಿ ಲ್ಯಾಬೇ ಮಾಡದೆ ಬಂದವರಿಗೆ ಲ್ಯಾಬ್ ಮಾಡಿಸಿ. ಕೊರತೆ ತುಂಬಿಸೋ ದಾರಿ ನಮಗೆ ಗೊತ್ತಿಲ್ಲದ್ದೇನಲ್ಲ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆದು ನೇರ ಬಿ.ಇ. ಎರಡನೇ ವರ್ಷಕ್ಕೆ ಸೇರ್ತಾರೆ. ಮೊದಲ ವರ್ಷದ ಗಣಿತ ಅವರಿಗೆ ಆಗಿರಲ್ಲ ಅಂತ ವಿಟಿಯುನಲ್ಲಿ (ನಮ್ಮ ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ) ಅವರಿಗೆ ಹೆಚ್ಚುವರಿ ಗಣಿತ ಇಟ್ಟರು. ಓದಿದ ಡಿಪ್ಲೊಮಾ ಅಳಿಸಿ ಹಾಕಲಿಲ್ಲ, ಇಲ್ಲದ್ದನ್ನಷ್ಟೇ ಸೇರಿಸಿದರು. ಸೇರೋ ಮುಂಚೆಯೇ ಅದು ಎಲ್ಲರಿಗೂ ಗೊತ್ತಿರುತ್ತೆ. ಅಲ್ಲಿ ಸಾಧ್ಯ ಆದದ್ದು ಬಿ.ಕಾಂ.ನಲ್ಲಿ, ಬಿ.ಎ.ನಲ್ಲಿ ಯಾಕಾಗಲ್ಲ? ಒಂದೇ ರಾಜ್ಯದಲ್ಲಿ, ಒಂದೇ ಯುಜಿಸಿ ಕೆಳಗೆ, ಒಂದೇ ನೆಟ್, ಕೆಸೆಟ್ ಅನ್ನೋ ಅಧ್ಯಾಪಕರ ಅರ್ಹತಾ ಪರೀಕ್ಷೆ ಪಾಸು ಮಾಡಿ ಬಂದ ಮೇಷ್ಟ್ರುಗಳು ಎರಡೂ ಕಡೆ ಪಾಠ ಮಾಡ್ತಿರುವಾಗ ಗುಣಮಟ್ಟದ ಈ ವಾದ ನನಗೆ ಒಪ್ಪಿಗೆಯಾಗಲ್ಲ.

ಬೇರೆ ಕಡೆ ಎಲ್ಲಾ ಸರಿಯಿದೆ ಅಂತಲೂ ಅಲ್ಲ. ಅಮೆರಿಕದಲ್ಲಿ 2004ರಿಂದ 2009ರ ನಡುವೆ ಕಾಲೇಜು ಬದಲಾಯಿಸಿದವರು ಸರಾಸರಿ ಶೇಕಡಾ 43ರಷ್ಟು ಕ್ರೆಡಿಟ್ ಕಳಕೊಂಡರು ಅಂತ ಅಲ್ಲಿನ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿಯೇ 2017ರಲ್ಲಿ ಅಂದಾಜು ಮಾಡಿತು. ಆದರೆ ಅದೇ ದೇಶದ ಫ್ಲಾರಿಡಾದಲ್ಲಿ ರಾಜ್ಯದ ಸರ್ಕಾರಿ ಕಾಲೇಜುಗಳ ಕೋರ್ಸುಗಳಿಗೆಲ್ಲ ಒಂದೇ ನಂಬರ್ ವ್ಯವಸ್ಥೆ. ಅಧ್ಯಾಪಕರು ಕೂತು ಎರಡು ಕೋರ್ಸ್ ಸಮಾನ ಅಂತ ಒಪ್ಪಿದರೆ ಎರಡಕ್ಕೂ ಒಂದೇ ನಂಬರು. ಆಮೇಲೆ ಕ್ರೆಡಿಟ್ ಕೊಡಲ್ಲ ಅನ್ನೋ ಹಾಗಿಲ್ಲ, ಹುಡುಗರು ಸಿಲೆಬಸ್ ಕಟ್ಟು ಹೊತ್ತು ತಿರುಗೋ ಹಾಗೂ ಇಲ್ಲ.

ಅದಕ್ಕಿಂತ ನನಗೆ ಮುಖ್ಯ ಅನ್ನಿಸಿದ್ದು 1997ರ ಲಿಸ್ಬನ್ ಒಪ್ಪಂದ. ಒಂದು ದೇಶದ ಓದನ್ನ ಇನ್ನೊಂದು ದೇಶ ಹೇಗೆ ಒಪ್ಪಬೇಕು ಅಂತ ಯುರೋಪಿನವರು ಯುನೆಸ್ಕೋ ಜೊತೆ ಸೇರಿ ಮಾಡಿಕೊಂಡದ್ದು. ಗಣನೀಯ ವ್ಯತ್ಯಾಸ ತೋರಿಸಿದರೆ ಮಾತ್ರ ನಿರಾಕರಿಸಬಹುದು, ಅರ್ಜಿ ಅರ್ಹತೆಗೆ ಹೊಂದಲ್ಲ ಅಂತ ತೋರಿಸೋ ಹೊಣೆ ಪರಿಶೀಲನೆ ಮಾಡೋ ಸಂಸ್ಥೆಯದ್ದು, ನಿರಾಕರಿಸಿದರೆ ಕಾರಣ ಹೇಳಬೇಕು, ಮೇಲ್ಮನವಿಗೆ ಅವಕಾಶ ಇರಬೇಕು. ನಮ್ಮಲ್ಲಿ ಪೂರ್ತಿ ತಿರುಗುಮುರುಗು. ನಾನು ಓದಿದ್ದೀನಿ ಅಂತ ಆ ಹುಡುಗಿಯೇ ಸಹಿ, ಸೀಲು ಹಾಕಿಸಿಕೊಂಡು ಸಾಬೀತು ಮಾಡಬೇಕು, ಅವರು “ಆಗಲ್ಲ” ಅನ್ನೋಕೆ ಒಂದು ಸಾಲೂ ಬರೆಯಬೇಕಿಲ್ಲ. ದೇಶದೇಶಗಳ ನಡುವೆ ಇಂಥ ಮಾತು ಕೊಟ್ಟು ನಡಕೊಳ್ಳೋಕೆ ಆಗುತ್ತೆ ಅಂದಮೇಲೆ ಮೈಸೂರಿಗೂ ಹಾಸನಕ್ಕೂ ನಡುವೆ ಆಗಬಾರದಾ?

ಈ ಸ್ನೇಹಿತರ ಪಟ್ಟಿಯಲ್ಲಿ ಅಕಾಡೆಮಿಕ್ ಕೌನ್ಸಿಲ್ ಸದಸ್ಯರಿದ್ದೀರಿ, ಬಿಓಎಸ್ ಚೇರ್‌ಮನ್ನರಿದ್ದೀರಿ, ಇಬ್ಬರು ವಿಶ್ವವಿದ್ಯಾಲಯದ ಆಡಳಿತ ನಡೆಸೋ ಸಿಂಡಿಕೇಟಿನಲ್ಲೂ ಇದ್ದೀರಿ. ನಿಮ್ಮ ಮುಂದಿನ ಸಭೆಗೆ ಒಂದೇ ಒಂದು ವಿಷಯ ತಗೊಂಡು ಹೋಗಿ. ಬೇರೆ ವಿಶ್ವವಿದ್ಯಾಲಯದಿಂದ ಬರೋ ವಿದ್ಯಾರ್ಥಿ ಅಂಕಪಟ್ಟಿ, ಸಿಲೆಬಸ್ ಕೊಟ್ಟರೆ ಟಿಸಿ ಕೇಳೋ ಮುಂಚೆ, ಫೀಸು ಕೇಳೋ ಮುಂಚೆ, ಯಾವ ಪೇಪರ್ ಒಪ್ಪಿದ್ದೀವಿ, ಯಾವುದು ಒಪ್ಪಿಲ್ಲ, ಯಾಕೆ ಅಂತ ಬರವಣಿಗೆಯಲ್ಲಿ ಹದಿನೈದು ದಿನದೊಳಗೆ ಕೊಡಬೇಕು. ಕೊಡದಿದ್ದರೆ ಎಲ್ಲಾ ಕ್ರೆಡಿಟ್ ಒಪ್ಪಿದ ಹಾಗೆ. ಒಮ್ಮೆ ಒಪ್ಪಿದ ಪೇಪರನ್ನ ವೆಬ್‌ಸೈಟಿನಲ್ಲಿ ಹಾಕಿ, ಮುಂದಿನ ವರ್ಷ ಬರೋರಿಗೆ ಮತ್ತೆ ಅದೇ ತನಿಖೆ ಬೇಡ. ಕರಡು ನಾನು ಬರೆದು ಕೊಡ್ತೀನಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಕಾಮರ್ಸ್ ಸಿಲೆಬಸ್ಸುಗಳ ಹೋಲಿಕೆ ಪಟ್ಟಿಯನ್ನ ಇವತ್ತು ರಾತ್ರಿಯೇ ಶುರು ಮಾಡಿದ್ದೀನಿ. ಬಿ.ಎ., ಬಿ.ಎಸ್ಸಿ. ಕಡೆಯವರು ಕೈಜೋಡಿಸೋದಾದರೆ ಇನ್‌ಬಾಕ್ಸಿಗೆ ಬನ್ನಿ. ಹುಡುಗಿಗೆ ಸದ್ಯಕ್ಕೆ ಟಿಸಿ ತಗೋಬೇಡ ಅಂದಿದ್ದೀನಿ. ಅಡ್ಮಿಷನ್ ಕೊನೆಯ ದಿನ ಹತ್ತಿರ ಬರ್ತಿದೆ, ಆ ಕಡೆಯ ವಿಶ್ವವಿದ್ಯಾಲಯದ ಅಕಾಡೆಮಿಕ್ ಸೆಕ್ಷನ್ನಿನಲ್ಲಿ ಯಾರಾದರೂ ಪರಿಚಯದವರಿದ್ದರೆ ದಯವಿಟ್ಟು ಇವತ್ತೇ ತಿಳಿಸಿ.